ಆಕಾಶ ಗುಡಿಸುವ ಲಿನೆಟ್

ಬೆಳಗಿನ ಐದೂಕಾಲು. ನಮ್ಮ ಊರಂಚಿನ ಸಿನಿಮಾ ಸ್ಟುಡಿಯೋದ ನಾಲ್ಕನೇ ಸ್ಟೇಜಿನಲ್ಲಿ, ಅಂದರೆ ಚಿತ್ರೀಕರಣದ ದೊಡ್ಡ ಶೆಡ್ಡಿನಲ್ಲಿ, ಒಂದೇ ಒಂದು ಟಾರ್ಚು ಉರಿಯುತ್ತಿದೆ. ಅದನ್ನು ಹಿಡಿದಿರುವ ಲಿನೆಟ್ ವಿಕೆನ್ಸ್ ನೆಲದಿಂದ ಒಂಬತ್ತು ಮೀಟರ್ ಎತ್ತರದಲ್ಲಿ, ಮೇಲೆತ್ತುವ ಯಂತ್ರದ ಬುಟ್ಟಿಯಲ್ಲಿ ನಿಂತಿದ್ದಾರೆ. ಎದುರಿಗೆ ಗೋಡೆಯಷ್ಟು ದೊಡ್ಡ ಕಪ್ಪು ಮಖಮಲ್ಲಿನ ಪರದೆ. ಟಾರ್ಚಿನ ಬೆಳಕು ಬಟ್ಟೆಯನ್ನು ಸವರಿಕೊಂಡು ಹೋಗುವಂತೆ ಅಡ್ಡ ಹಿಡಿಯುತ್ತಾರೆ. ಎಲ್ಲೋ ಒಂದು ಚುಕ್ಕೆ ಮಿನುಗುತ್ತದೆ. ಬೆರಳಿಗೆ ಅಂಟುಪಟ್ಟಿಯನ್ನು ತಿರುಗಾಮುರುಗಾ ಸುತ್ತಿಕೊಂಡಿದ್ದಾರೆ. ಆ ಬೆರಳಿನಿಂದ ಮೆಲ್ಲಗೆ ಮುಟ್ಟುತ್ತಾರೆ. ಚುಕ್ಕೆ ಆರಿಹೋಗುತ್ತದೆ.

"ನಲವತ್ತೊಂದು!" ಎಂದು ಕೆಳಕ್ಕೆ ಕೂಗುತ್ತಾರೆ.

"ಇನ್ನೂ ಎಷ್ಟು ನಕ್ಷತ್ರ ಕೊಲ್ತೀಯಾ ಮಹಾರಾಣಿ? ನಿನ್ನ ಟೀ ಆರ್ತಾ ಇದೆ," ಎಂದು ಕೆಳಗಿನಿಂದ ದೀಪದ ಮೇಸ್ತ್ರಿ ಡೆಸ್ ಕೂಗುತ್ತಾರೆ.

"ಟೀ ಬಾಗಿಲಾಚೆನೇ ಇರಲಿ. ಬಿಸ್ಕತ್ತು ಹಿಡ್ಕೊಂಡು ಒಳಗೆ ಬಂದ್ಯೋ, ಕಾಲು ಮುರೀತೀನಿ ನೋಡು."

ಈ ಪರದೆಯೇ ಆಕಾಶ. ಇದರ ಮುಂದೆ ಬೂದು ಮಣ್ಣಿನ ಚಂದ್ರನ ನೆಲ. ಚಂದ್ರನ ಮೇಲೆ ಒಂಟಿಯಾಗಿ ಉಳಿದುಹೋದ ಹುಡುಗಿಯೊಬ್ಬಳ ಸಿನಿಮಾ ಇಲ್ಲಿ ತಯಾರಾಗುತ್ತಿದೆ. ಬಟ್ಟೆಯ ಮೇಲೆ ಕೂತ ಒಂದು ಎಳೆ ನೂಲು, ಒಂದು ಪಾರಿವಾಳದ ಪುಕ್ಕ, ದೊಡ್ಡ ದೀಪ ಹಾಕಿದೊಡನೆ ಕ್ಯಾಮೆರಾದ ಕಣ್ಣಿಗೆ ನಕ್ಷತ್ರವಾಗಿ ಹೊಳೆಯುತ್ತದೆ. ಅಂಥದ್ದು ಒಂದೂ ಉಳಿಯದಂತೆ ನೋಡಿಕೊಳ್ಳುವುದು ಲಿನೆಟ್ ಅವರ ಕೆಲಸ. ಇವತ್ತು ಮತ್ತೆ ತೆಗೆಯಬೇಕಾಗಿರುವುದು ಒಂದೇ ಶಾಟು. ಅದಕ್ಕಾಗಿ ಅವರು ಎಂದಿಗಿಂತ ಒಂದು ಗಂಟೆ ಮೊದಲೇ ಬಂದಿದ್ದಾರೆ.

ಪರದೆಯ ಅಗಲ ನಲವತ್ತು ಮೀಟರ್, ಎತ್ತರ ಹನ್ನೆರಡು. ಗುಡಿಸಲು ದಿನಕ್ಕೆ ಮೂರು ಗಂಟೆ ಬೇಕು, ಹನ್ನೊಂದು ಸುರುಳಿ ಅಂಟುಪಟ್ಟಿ ಬೇಕು. ಸಿಗುವ "ನಕ್ಷತ್ರ"ಗಳು ಸುಮಾರು ಅರವತ್ತು. ಬ್ರಷ್ಷು ಯಾವಾಗಲೂ ಕೆಳಗಿನಿಂದ ಮೇಲಕ್ಕೇ ಹೋಗಬೇಕು. ಮಖಮಲ್ಲಿನ ನವಿರು, ಅಂದರೆ ಅದರ ಸಣ್ಣ ಕೂದಲು, ಮೇಲ್ಮುಖವಾಗಿದ್ದರೆ ಅದು ಬೆಳಕನ್ನು ನುಂಗುತ್ತದೆ, ಕೆಳಮುಖವಾದರೆ ಬೂದಿಯಂತೆ ಹೊಳೆಯುತ್ತದೆ. ಆದರೆ ಮೇಲ್ಮುಖವಾದ ನವಿರಿನಲ್ಲಿ ಧೂಳು ಹೆಚ್ಚು ಕೂರುತ್ತದೆ. "ಕಪ್ಪು ಜಾಸ್ತಿ ಬೇಕಂದ್ರೆ ಕಸಾನೂ ಜಾಸ್ತಿ. ಬಿಟ್ಟಿ ಏನೂ ಬರಲ್ಲ," ಎನ್ನುತ್ತಾರೆ ಲಿನೆಟ್.

ವಯಸ್ಸು ಅರವತ್ತೊಂದು. ಹದಿನೇಳಕ್ಕೆ ಇದೇ ಸ್ಟುಡಿಯೋದ ಪರದೆ ವಿಭಾಗದಲ್ಲಿ ಹೊಲಿಗೆಗೆ ಕೂತವರು. ಅಮ್ಮನೂ ಅಲ್ಲೇ ಹೊಲಿಯುತ್ತಿದ್ದರು. ಆಕಾಶದ ಕೆಲಸಕ್ಕೆ ಬಂದು ಇಪ್ಪತ್ತೇಳು ವರ್ಷ. ಧೂಳು ಕುಡಿದು ಕುಡಿದು ಚಳಿಗಾಲದಲ್ಲಿ ಎದೆ ಗೊರಗೊರ ಎನ್ನುತ್ತದೆ. ಬಲಭುಜ ಮೇಲೇಳುವುದಿಲ್ಲ, ಎಡಗೈಯಲ್ಲಿ ಬ್ರಷ್ಷು ಹಿಡಿಯುವುದನ್ನು ಐವತ್ತಾರನೆಯ ವಯಸ್ಸಿನಲ್ಲಿ ಕಲಿತರು. ಗಂಡ ರೇ ಗಾರೆ ಕೆಲಸದವರು. ಬೆನ್ನು ಮುರಿದುಕೊಂಡು ಒಂಬತ್ತು ವರ್ಷದಿಂದ ಗಾಲಿಕುರ್ಚಿಯಲ್ಲಿದ್ದಾರೆ. ಮಧ್ಯಾಹ್ನ ಹನ್ನೆರಡೂವರೆಗೆ ಲಿನೆಟ್ ಮನೆ ಮುಟ್ಟಲೇಬೇಕು. ಬೀನ್ಸ್ ಬಿಸಿಮಾಡಿ, ಬ್ರೆಡ್ಡು ಸುಟ್ಟು, ಇಬ್ಬರೂ ಒಟ್ಟಿಗೆ ಕೂತು ತಿನ್ನುವ ಹೊತ್ತು ಅದು.

ಸ್ಟೇಜಿನ ಬಾಗಿಲ ಹೊರಗೆ ಸಾಲಾಗಿ ಇಪ್ಪತ್ತು ಕೊಕ್ಕೆಗಳಿವೆ. ಡೆಸ್ ಹೊಡೆಸಿಕೊಟ್ಟವು. ಉಣ್ಣೆಯ ಬಟ್ಟೆ ಯಾವುದಿದ್ದರೂ ಅಲ್ಲಿ ನೇತುಹಾಕಿಯೇ ಒಳಗೆ ಹೋಗಬೇಕು. ಧೂಳೇಳುತ್ತದೆಂದು ಒಳಗೆ ಬಿಸಿಗಾಳಿಯ ಯಂತ್ರ ಹಾಕುವುದಿಲ್ಲ. ಜನವರಿಯಲ್ಲಿ ಹಲ್ಲು ಕಟಕಟ ಎನ್ನುತ್ತಿದ್ದರೂ ಯಾರೂ ಗೊಣಗುವುದಿಲ್ಲ. ಪತ್ರಿಕೆಗೆ ಬರೆಯಲೆಂದು ಬಂದ ನನ್ನ ಶಾಲನ್ನೂ ಲಿನೆಟ್ ಬಿಚ್ಚಿಸಿದರು. ಆದರೆ ಬದಲಿಗೆ ಕೊಡಲೆಂದು ದಪ್ಪ ಹತ್ತಿಯ ಕೋಟೊಂದನ್ನು ಮನೆಯಿಂದಲೇ ತಂದಿದ್ದರು. ಅದರ ಜೇಬಿನಲ್ಲಿ ಎರಡು ಕೆಮ್ಮಿನ ಮಿಠಾಯಿಗಳೂ ಇದ್ದವು.

ಒಂದು ಚುಕ್ಕೆ ಉಳಿದರೆ ಕಂಪ್ಯೂಟರಿನಲ್ಲಿ ಒರೆಸಿಬಿಡಬಹುದಲ್ಲ ಎಂದು ಕೇಳುತ್ತೇನೆ.

"ಒರೆಸ್ತಾರೆ. ಆದ್ರೆ ಒರೆಸೋದೂ ಒಬ್ಬ ಮನುಷ್ಯನೇ ಅಲ್ವಾ? ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ, ಒಂದೊಂದರಲ್ಲೂ ಹುಡುಕಿ ಹುಡುಕಿ ಒರೆಸ್ಬೇಕು. ನಾನಿಲ್ಲಿ ಒಂದು ನಿಮಿಷ ಬಗ್ಗಿದ್ರೆ ಅಲ್ಲಿ ಯಾರೋ ಒಬ್ಬರು ಹೊತ್ತಿಗೆ ಮನೆಗೆ ಹೋಗ್ತಾರೆ."

ಅವರು ಗುಡಿಸಿದ ಆಕಾಶಗಳು ಈವರೆಗೆ ಒಂಬತ್ತು. ಒಂಬತ್ತೂ ಚಿತ್ರ ತಿದ್ದುವ ಆ ಕಂಪ್ಯೂಟರ್ ಕೋಣೆಗೆ ಹೋಗಿ, ಮೈತುಂಬ ನಕ್ಷತ್ರ ಹೊತ್ತುಕೊಂಡು ಬೆಳ್ಳಿತೆರೆಗೆ ಬಂದವು. ಪ್ರತಿ ಸಲವೂ ಲಿನೆಟ್ ರೇ ಅವರನ್ನು ಕರೆದುಕೊಂಡು ಹೋಗಿ ಸಿನಿಮಾ ನೋಡಿದ್ದಾರೆ. ಪ್ರತಿ ಸಲವೂ ರೇ ಕತ್ತಲಲ್ಲಿ ಕಿವಿಗೆ ಬಗ್ಗಿ ಕೇಳುತ್ತಾರೆ: "ಇದರಲ್ಲಿ ನಿಂದು ಯಾವುದೇ?" ತೋರಿಸಲು ಏನೂ ಇರುವುದಿಲ್ಲ.

ಈ ಸಿನಿಮಾದ ನಿರ್ದೇಶಕಿ ಇಮೋಜೆನ್ ಫೆಲ್ಸ್ ಮೊದಲ ದಿನವೇ ಹೇಳಿದ್ದರು, ನಮ್ಮ ಚಂದ್ರನ ಆಕಾಶದಲ್ಲಿ ನಕ್ಷತ್ರ ಇರುವುದಿಲ್ಲ ಎಂದು. ಲಿನೆಟ್ ನಂಬಲಿಲ್ಲ. ಸಲಹೆಗಾರರಾಗಿ ಬರುವ ನಿವೃತ್ತ ಖಗೋಳ ಅಧ್ಯಾಪಕರನ್ನು ಹಿಡಿದು ಕೇಳಿದರು. ಅವರು ವಿವರಿಸಿದ್ದನ್ನು ಈಗ ಲಿನೆಟ್ ಎಲ್ಲರಿಗೂ ವಿವರಿಸುತ್ತಾರೆ: "ನಮ್ಮ ಫುಟ್‌ಬಾಲ್ ಮೈದಾನದಲ್ಲಿ ರಾತ್ರಿ ದೊಡ್ಡ ದೀಪ ಹಾಕಿರ್ತಾರಲ್ಲ, ಆಗ ಒಂದು ಫೋಟೋ ತೆಗೀರಿ. ಆಟಗಾರರು ಚೆನ್ನಾಗಿ ಕಾಣ್ತಾರೆ, ಆಕಾಶ ಬರೀ ಕಪ್ಪು. ಬಿಸಿಲು ಬಿದ್ದಿರೋ ಚಂದ್ರನ ಮೇಲೂ ಅಷ್ಟೇ. ನಕ್ಷತ್ರ ಎಲ್ಲೂ ಹೋಗಿರಲ್ಲ, ಕ್ಯಾಮೆರಾಕ್ಕೆ ಕಾಣಲ್ಲ."

ಆದರೆ ಕಳೆದ ವಾರ ನೂರಿಪ್ಪತ್ತು ಜನರನ್ನು ಕೂರಿಸಿ ಅರೆಬರೆ ಸಿನಿಮಾ ತೋರಿಸಿದಾಗ ನಲವತ್ತಕ್ಕೂ ಹೆಚ್ಚು ಮಂದಿ ಚೀಟಿಯಲ್ಲಿ ಬರೆದರು: ನಕ್ಷತ್ರ ಎಲ್ಲಿ? ಇನ್ನೊಬ್ಬರು ಬರೆದರು: ಪರದೆ ಕಟ್ಟಿದ ಹಾಗಿದೆ. ನಿರ್ಮಾಪಕ ರೂಪರ್ಟ್ ಹ್ಯಾಲಮ್ ಅವರಿಗೆ ಗಾಬರಿಯಾಯಿತು. ಅವರು ಕೆಟ್ಟ ಮನುಷ್ಯರಲ್ಲ. ಜನ ಕಣ್ಣು ತುಂಬಿಕೊಳ್ಳಲು ಬರುತ್ತಾರೆ, ಬರಿಗೈಯಲ್ಲಿ ಕಳಿಸಬಾರದು ಎನ್ನುವವರು. "ಅವರು ಹೇಳೋದೂ ತಪ್ಪಲ್ಲ. ನಂಗೂ ನಕ್ಷತ್ರ ಅಂದ್ರೆ ಇಷ್ಟಾನೇ. ಆದ್ರೆ ಅಲ್ಲಿ ಇರಲ್ವಲ್ಲ," ಎನ್ನುತ್ತಾರೆ ಲಿನೆಟ್.

ಹುಡುಗಿ ಒಂಟಿಯಾಗಿ ಕೂತು ಮೇಲೆ ನೋಡುವ ದೃಶ್ಯವನ್ನು ಎರಡು ಬಗೆಯಲ್ಲಿ ತೋರಿಸುವುದು, ನಕ್ಷತ್ರ ತುಂಬಿಸಿ ಒಂದು, ಖಾಲಿಯಾಗಿ ಇನ್ನೊಂದು, ಆಮೇಲೆ ಹ್ಯಾಲಮ್ ತೀರ್ಮಾನಿಸುವುದು ಎಂದಾಯಿತು. ಶುಕ್ರವಾರ ನಡೆದ ಆ ಪ್ರದರ್ಶನಕ್ಕೆ ಇಮೋಜೆನ್ ತಾವೇ ಹೋಗಿ ಲಿನೆಟ್ ಅವರನ್ನು ಕರೆತಂದು ಹಿಂದಿನ ಸಾಲಿನಲ್ಲಿ ಕೂರಿಸಿದರು. ಮುಂದಿನದನ್ನು ನನಗೆ ಹೇಳಿದವರು ಡೆಸ್.

ನಕ್ಷತ್ರದ ದೃಶ್ಯ ಬಂತು, ಹೋಯಿತು. ಖಾಲಿ ಆಕಾಶದ ದೃಶ್ಯ ಬಂತು. ಹುಡುಗಿಯ ತಲೆಯ ಮೇಲೆ, ತುಂಬ ಎತ್ತರದಲ್ಲಿ, ಒಂದೇ ಒಂದು ಚುಕ್ಕೆ. ಹ್ಯಾಲಮ್ ಕುರ್ಚಿಯಿಂದ ಎದ್ದೇಬಿಟ್ಟರು.

"ಇದು! ಇದು ಸಾಕು! ಆಕಾಶ ತುಂಬ ಬೇಡಪ್ಪ. ಇಡೀ ಸಿನಿಮಾಕ್ಕೆ ಈ ಒಂದು ನಕ್ಷತ್ರ ಇರಲಿ."

ಇಮೋಜೆನ್ ಉಸಿರು ಬಿಟ್ಟರು. ಒಂದೇ ತಾನೆ, ಒಪ್ಪಿಬಿಡೋಣ ಎನ್ನುವ ಮುಖ. ಎಲ್ಲರೂ ನಕ್ಕರು. ಆಗ ಹಿಂದಿನ ಸಾಲಿನಲ್ಲಿ ಲಿನೆಟ್ ಕೈ ಎತ್ತಿದರು. ಮೇಲೇಳುವ ಎಡಗೈ.

"ಹ್ಯಾಲಮ್ ಅವರೇ, ಅದು ನಕ್ಷತ್ರ ಅಲ್ಲ. ನೂಲು. ಎಡಗಡೆಯಿಂದ ಮೂರನೇ ಹೊಲಿಗೆ, ಒಂಬತ್ತು ಮೀಟರ್ ಮೇಲೆ. ನನ್ನ ತಪ್ಪು."

"ನೂಲಾದ್ರೇನಮ್ಮ? ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತೆ."

"ಸರಿ, ಕಂಪ್ಯೂಟರಿನೋರು ಒರೆಸಲಿ ಹಾಗಾದ್ರೆ."

"ಒಂದ್ಸಲ ಆ ಕೋಣೆಗೆ ಹೋದ ಆಕಾಶ ಖಾಲಿ ವಾಪಸ್ ಬರಲ್ಲ," ಎಂದರು ಇಮೋಜೆನ್. ಅವರ ಮುಖವೂ ಈಗ ಬದಲಾಗಿತ್ತು.

ಹ್ಯಾಲಮ್ ಕೆನ್ನೆ ಉಜ್ಜಿಕೊಂಡರು. "ಅಲ್ಲಮ್ಮ, ಆ ಚುಕ್ಕೇನೂ ತೆಗೆದ್ರೆ ಅಲ್ಲೇನಿರುತ್ತೆ?"

"ಏನೂ ಇರಲ್ಲ. ಅದಕ್ಕೇ ಅಲ್ವಾ ಆ ಹುಡುಗಿ ಹಾಗೆ ಕೂತಿರೋದು?"

ಬಾಗಿಲ ಹತ್ತಿರ ನಿಂತಿದ್ದ ಡೆಸ್ ಅವರಿಗೆ ಇನ್ನು ತಡೆಯಲಾಗಲಿಲ್ಲ. "ತಪ್ಪು ಇವಳದಲ್ಲ ರೀ. ಆ ಶಾಟ್ ತೆಗೆದ ದಿನ ಚಳಿಗೆ ಗಡಗಡ ನಡುಗ್ತಿದ್ಳು. ಬೇಡ ಬೇಡ ಅಂದ್ರೂ ನನ್ನ ಮಫ್ಲರ್ ಹೊದಿಸ್ದೆ, ಐದೇ ನಿಮಿಷ. ಆ ನೂಲು ನಂದು. ನಮ್ಮ ಊರಿನ ಫುಟ್‌ಬಾಲ್ ಕ್ಲಬ್ಬಿನ ಮಫ್ಲರ್ ಅದು."

"ನಿಮ್ಮ ಕ್ಲಬ್ಬಾ?" ಹ್ಯಾಲಮ್ ನಕ್ಕುಬಿಟ್ಟರು. "ಈ ವರ್ಷ ಒಂದಾದ್ರೂ ಆಟ ಗೆದ್ದಿದ್ದೀರೇನ್ರಿ? ಅಂಥಾ ನಕ್ಷತ್ರ ನನ್ನ ಸಿನಿಮಾಕ್ಕೆ ಬೇಡ." ಆಮೇಲೆ ಇಮೋಜೆನ್ ಕಡೆ ತಿರುಗಿ, "ಸೋಮವಾರ ಮತ್ತೆ ತೆಗೀರಿ. ನಾನೇ ಬಂದು ನೋಡ್ತೀನಿ. ಅಲ್ಲೀವರೆಗೂ ಯಾವ ಮಾತೂ ಕೊಡಲ್ಲ," ಎಂದರು.

ಇವತ್ತು ಆ ಸೋಮವಾರ. ಎಂಟೂ ಹತ್ತಕ್ಕೆ ಲಿನೆಟ್ ಬುಟ್ಟಿಯಿಂದ ಇಳಿಯುತ್ತಾರೆ. ಇವತ್ತಿನ ಎಣಿಕೆ ಎಪ್ಪತ್ತಮೂರು. ಟಾರ್ಚು ಆರಿಸಿ, ಬೆರಳಿನ ಅಂಟುಪಟ್ಟಿ ಬಿಚ್ಚಿ, ಪರದೆಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಇನ್ನು ನೋಡಿದರೆ ಇಲ್ಲದ್ದೂ ಕಾಣುತ್ತದಂತೆ. ಎಂಟೂವರೆಗೆ ಹ್ಯಾಲಮ್ ಬರುತ್ತಾರೆ. ಯಾರೂ ಹೇಳದೆಯೇ ಬಾಗಿಲಾಚೆ ನಿಂತು ತಮ್ಮ ಉಣ್ಣೆಯ ಓವರ್‌ಕೋಟು ಬಿಚ್ಚಿ ಕೊನೆಯ ಕೊಕ್ಕೆಗೆ ಹಾಕುತ್ತಾರೆ. ಅಂಗಿಯ ತೋಳುಗಳನ್ನು ಕೈಯಿಂದ ಕೊಡವಿಕೊಂಡು ಒಳಗೆ ಕಾಲಿಡುತ್ತಾರೆ. ಡೆಸ್ ದೀಪ ಹಾಕುತ್ತಾರೆ. ಬೆಳ್ಳಗಿನ ಬಿಸಿಲಿನಂಥ ಬೆಳಕು ಬೂದು ನೆಲದ ಮೇಲೆ ಬೀಳುತ್ತದೆ. ಹುಡುಗಿ ಬಂದು ಕೂರುತ್ತಾಳೆ, ಮೇಲೆ ನೋಡುತ್ತಾಳೆ.

ಎರಡು ನಿಮಿಷ ಹತ್ತು ಸೆಕೆಂಡು. ಇಮೋಜೆನ್ ತೆಗೆದದ್ದನ್ನು ಚಿಕ್ಕ ತೆರೆಯ ಮೇಲೆ ಹಾಕಿ, ಮೂಗು ತಾಗುವಷ್ಟು ಹತ್ತಿರ ಬಗ್ಗಿ, ಮೂಲೆ ಮೂಲೆ ನೋಡುತ್ತಾರೆ. ಪಕ್ಕದಲ್ಲೇ ಹ್ಯಾಲಮ್ ಬಗ್ಗಿದ್ದಾರೆ.

"ಏನೂ ಇಲ್ಲ," ಎನ್ನುತ್ತಾರೆ ಇಮೋಜೆನ್.

"ಏನೂ ಇಲ್ವಂತೆ!" ಎಂದು ಡೆಸ್ ಹಿಂದಕ್ಕೆ ಕೂಗುತ್ತಾರೆ. ಕ್ಯಾಮೆರಾದವರಿಂದ ಬಡಗಿಗಳಿಗೆ, ಬಡಗಿಗಳಿಂದ ಟೀ ಕೊಡುವವಳಿಗೆ ಮಾತು ದಾಟುತ್ತದೆ: ಏನೂ ಇಲ್ಲ, ಏನೂ ಇಲ್ಲ. ಇಷ್ಟು ವರ್ಷಗಳಲ್ಲಿ ಈ ಮಾತನ್ನು ಹೊಗಳಿಕೆಯಾಗಿ ನಾನು ಕೇಳಿದ್ದು ಇದೇ ಮೊದಲು.

ಹ್ಯಾಲಮ್ ಇನ್ನೂ ತೆರೆಯನ್ನೇ ನೋಡುತ್ತಿದ್ದಾರೆ. ಇನ್ನೊಂದು ಸಲ ಹಾಕಿ ಎನ್ನುತ್ತಾರೆ. ಮತ್ತೂ ಒಂದು ಸಲ. ಆಮೇಲೆ ತಮ್ಮ ತೋಳುಗಳನ್ನು ತಾವೇ ಉಜ್ಜಿಕೊಳ್ಳುತ್ತಾರೆ, ಚಳಿಗೋ ಏನೋ. "ಅಯ್ಯೋ ಪಾಪ ಆ ಹುಡುಗಿ," ಎನ್ನುತ್ತಾರೆ. "ಹೀಗೇ ಇರಲಿ. ಯಾರೂ ಮುಟ್ಟಬೇಡಿ."

ಲಿನೆಟ್ ಆಗ ಬಾಗಿಲಾಚೆ ಆರಿದ ಟೀ ಕುಡಿಯುತ್ತಿದ್ದಾರೆ. ಡೆಸ್ ಬಂದು ಸುದ್ದಿ ಹೇಳಿ, ಕೊಕ್ಕೆಯಲ್ಲಿದ್ದ ತಮ್ಮ ಮಫ್ಲರ್ ತೆಗೆದು ಅವರ ಕುತ್ತಿಗೆಗೆ ಸುತ್ತುತ್ತಾರೆ. ಇಲ್ಲಿ ಹೊದ್ದರೆ ತೊಂದರೆಯಿಲ್ಲ. ಲಿನೆಟ್ ಸುಮ್ಮನೆ ಸುತ್ತಿಸಿಕೊಳ್ಳುತ್ತಾರೆ. ಅದರ ತುದಿಯಿಂದಲೇ ಕಣ್ಣು ಒರೆಸಿಕೊಳ್ಳುತ್ತಾರೆ.

ಸಿನಿಮಾ ಬಿಡುಗಡೆಯಾಗುವುದು ಶರತ್ಕಾಲಕ್ಕೆ. ನಿಮಗೇನು ಆಸೆ ಎಂದು ಕೇಳಿದರೆ ಅವರು ಬಹಳ ಯೋಚಿಸುವುದಿಲ್ಲ.

"ನಮ್ಮ ಊರಿನ ಚಿತ್ರಮಂದಿರದಲ್ಲಿ ಗಾಲಿಕುರ್ಚಿಗೆ ಜಾಗ ಇರೋದು ಮುಂದಿನ ಸಾಲಲ್ಲಿ. ಕತ್ತು ನೋಯುತ್ತೆ, ಪರವಾಗಿಲ್ಲ. ರೇನ ಅಲ್ಲಿ ಕೂರಿಸ್ತೀನಿ. ಅವನು ಕೇಳೇ ಕೇಳ್ತಾನೆ, ನಿಂದು ಯಾವುದೇ ಅಂತ. ಆಗ ಮೇಲೆ ಕೈ ತೋರಿಸಿ ಹೇಳ್ತೀನಿ: ಅಲ್ನೋಡು, ಅಲ್ಲೇನೂ ಕಾಣಿಸ್ತಿಲ್ಲ ಅಲ್ವಾ? ಅದೇ ನಂದು."