ಪರದೇಶದ ಪಟ್ಟಾಳಕ್ಕೆ ಹೊರಟವರು

ಅವರ ಎಡಗಾಲಿನಲ್ಲಿ ಮೂರೇ ಬೆರಳುಗಳಿದ್ದವು. ಕಿರುಬೆರಳೂ ಅದರ ಪಕ್ಕದ್ದೂ ಇರಬೇಕಾದ ಜಾಗದಲ್ಲಿ ಚರ್ಮ ನುಣುಪಾಗಿ, ಬೆಂದು ಮಾಗಿದ ಹಾಗೆ ಹೊಳೆಯುತ್ತಿತ್ತು. ಚಳಿಗಾಲದಲ್ಲಿ ಅದು ನೀಲಿಗಟ್ಟುತ್ತಿತ್ತು. ಹಟ್ಟಿಯ ಮೇಲಿನ ಹುಲ್ಲುಗಾವಲಿಗೆ ನಾವು ನಾಲ್ಕೈದು ಹುಡುಗಿಯರು ಓಟ ಕಲಿಯಲು ಹೋದ ಮೊದಲ ಬೆಳಿಗ್ಗೆ ಅವರು ಮಾಡಿದ ಮೊದಲ ಕೆಲಸವೇ ಬಂಡೆಯ ಮೇಲೆ ಕೂತು ಶೂ ಬಿಚ್ಚಿ ಆ ಪಾದವನ್ನು ನಮ್ಮ ಮುಂದೆ ಚಾಚಿದ್ದು.

"ಚೆನ್ನಾಗಿ ನೋಡಿಕೊಳ್ಳಿ. ಆಮೇಲೆ ಓಡುವಾಗ ಇದನ್ನೇ ನೋಡ್ತಾ ಎಡವಬೇಡಿ."

ನಾವು ನೋಡಿದೆವು. ಅವರು ಶೂವಿನ ತುದಿಗೆ ಉಣ್ಣೆಯ ಚೂರನ್ನು ತುರುಕಿ, ಲೇಸು ಬಿಗಿದು ಎದ್ದರು. ಹುಲ್ಲಿನ ಮೇಲೆ ಹಿಮ ಉಪ್ಪಿನಂತೆ ಕೂತಿತ್ತು. ಆ ದಿನ ನಮ್ಮಲ್ಲಿ ಯಾರಿಗೂ ಅವರನ್ನು ಹಿಂದಿಕ್ಕಲು ಆಗಲಿಲ್ಲ.

ನೀಲಗಿರಿಯ ಸೋಲೂರಿನ ಕಡೆಯ ನಮ್ಮ ಹಟ್ಟಿಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ಪಟ್ಟಾಳದಣ್ಣ ಎಂದು. ಪಟ್ಟಾಳವೆಂದರೆ ನಮ್ಮ ಕಡೆ ಸೈನ್ಯ. ಅವರ ಮನೆಯೂ ನಮ್ಮ ಮನೆಯೂ ಒಂದೇ ಸಾಲಿನಲ್ಲಿ, ನಡುವೆ ಒಂದೇ ಗೋಡೆ. ಹದಿನೆಂಟು ತುಂಬುತ್ತಲೇ ಸೈನ್ಯಕ್ಕೆ ಸೇರಿ, ಉತ್ತರದ ಗಡಿಯ ಹಿಮದಲ್ಲಿ ಕಾವಲಿದ್ದಾಗ ಬೆರಳುಗಳನ್ನು ಕಳೆದುಕೊಂಡವರು. ವೈದ್ಯರ ಮಂಡಳಿ ಅವರನ್ನು ಪರೀಕ್ಷಿಸಿ, ಇನ್ನು ಈ ಕೆಲಸಕ್ಕೆ ಆಗುವುದಿಲ್ಲವೆಂದು ಮನೆಗೆ ಕಳಿಸಿತು. ಪಿಂಚಣಿ ಬರುತ್ತಿತ್ತು, ಮನೆಯ ಹಿಂದೆ ಸ್ವಲ್ಪ ಟೀ ತೋಟವಿತ್ತು, ಫ್ಯಾಕ್ಟರಿಗೆ ಎಲೆ ಸಾಗಿಸುವ ವ್ಯಾನು ಓಡಿಸುವ ಕೆಲಸವಿತ್ತು. ಊಟ ಬಟ್ಟೆಗೆ ತೊಂದರೆಯಿರಲಿಲ್ಲ. ಮಕ್ಕಳಿರಲಿಲ್ಲ, ಗಂಡ ಹೆಂಡತಿ ಇಬ್ಬರೇ.

ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. "ನಿಮ್ಮಣ್ಣನಿಗೆ ಕೂತು ಉಣ್ಣೋದು ಬರೋದಿಲ್ಲೆ," ಎಂದು ಅವರು ನಗುತ್ತಿದ್ದರು. ನಿಜವೇ. ತಟ್ಟೆ ಹಿಡಿದು ಬಾಗಿಲ ಬಳಿ ನಿಂತೇ ಉಂಡು ಮುಗಿಸುವರು. ಕಂಬಳಿಯನ್ನು ಇಟ್ಟಿಗೆಯ ಹಾಗೆ ಮಡಿಚುವರು. ಎಲೆಯ ವ್ಯಾನನ್ನು ವಾರಕ್ಕೊಮ್ಮೆ ಒಳಗೂ ಹೊರಗೂ ತೊಳೆದು, ಟೈರಿಗೆ ಬಟ್ಟೆ ಹಾಕಿ ಒರೆಸುವರು. ಇದನ್ನು ಕಂಡು ಫ್ಯಾಕ್ಟರಿಯವರು ತಮಾಷೆ ಮಾಡಿದರೆ ತಾವೂ ನಗುತ್ತಿದ್ದರು. ಆದರೆ "ಅನ್‌ಫಿಟ್" ಎಂಬ ಮಾತನ್ನು ಅವರೆದುರು ಯಾರೂ ಆಡುವಂತಿರಲಿಲ್ಲ. ಬಟ್ಟೆಯಂಗಡಿಯವನು ಒಮ್ಮೆ ಪ್ಯಾಂಟಿನ ಅಳತೆಗೆ ಸಂಬಂಧಿಸಿ ಆ ಪದ ಬಳಸಿದ್ದಕ್ಕೆ, ಬಟ್ಟೆಯನ್ನು ಅಲ್ಲಿಯೇ ಬಿಟ್ಟು ಎದ್ದು ಬಂದಿದ್ದರು.

ಪೊಲೀಸ್ ಕೆಲಸದ ಆಯ್ಕೆಗೆ ನನ್ನನ್ನು ತಯಾರು ಮಾಡಿದವರು ಅವರೇ. ಓಡುವಾಗ ನನಗೆ ದಮ್ಮು ಕಟ್ಟುತ್ತಿತ್ತು. "ಉಸಿರು ಬಿಡೋದನ್ನ ಕಲಿ. ತಗೊಳ್ಳೋದು ತಾನಾಗಿ ಬರುತ್ತೆ," ಎನ್ನುತ್ತಿದ್ದರು. ಅದೊಂದೇ ಪಾಠವನ್ನು ಅವರು ಎಷ್ಟು ಸಲ ಹೇಳಿದರೋ. ನನ್ನ ಪಕ್ಕದಲ್ಲೇ ಓಡುತ್ತ, ನನ್ನ ಉಸಿರಿಗೆ ತಮ್ಮ ಹೆಜ್ಜೆ ಹೊಂದಿಸುತ್ತಿದ್ದರು.

ಒಂದು ಬೆಳಿಗ್ಗೆ ಮಂಜು ಕವಿದು, ಟೀ ಗಿಡಗಳ ನಡುವಿನ ದಾರಿಯೇ ಕಾಣುತ್ತಿರಲಿಲ್ಲ. ಮುಂದೆ ಓಡುತ್ತಿದ್ದ ಅವರು ತಟ್ಟನೆ ನಿಂತು ಕೈಯನ್ನು ನೆಲದ ಕಡೆ ತೋರಿಸಿದರು. ನಾವು ಕೂತೆವು. ಮಂಜು ಸರಿದಾಗ ದಾರಿಗೆ ಅಡ್ಡಲಾಗಿ ಕಾಟಿ ನಿಂತಿತ್ತು, ಒಂಟಿ ಕಾಡುಕೋಣ. ಅದರ ಮೂಗಿನ ಹಬೆ ಕಾಣುವಷ್ಟು ಹತ್ತಿರ. ನಮ್ಮಲ್ಲೊಬ್ಬಳು ಅಳಲು ಶುರು ಮಾಡಿದಳು. ಅವರು ತಿರುಗದೆಯೇ, ಬಹಳ ಮೆಲ್ಲಗೆ, "ಅಳು, ಪರವಾಗಿಲ್ಲೆ. ಎದ್ದು ಮಾತ್ರ ಓಡಬೇಡ," ಎಂದರು. ಕಾಟಿ ನಮ್ಮನ್ನು ನೋಡಿತು, ತಲೆ ಕೊಡವಿತು, ಕೊನೆಗೆ ಇಳಿಜಾರಿನಲ್ಲಿ ಇಳಿದು ಹೋಯಿತು. ವಾಪಸ್ ಬರುವಾಗ ಅವರು ಹೇಳಿದ್ದು ಇಷ್ಟೇ: "ಅದಕ್ಕೆ ನಮ್ಮ ಮೇಲೆ ಕೋಪ ಇರಲಿಲ್ಲೆ. ಕೋಪ ಇಲ್ಲದ ಕಡೆ ನಾವಾಗಿ ಹೋಗಿ ಸಾಯಬಾರದು."

ನಾನು ಆಯ್ಕೆಯಾದೆ. ತರಬೇತಿ ಮುಗಿಸಿ ಗೂಡಲೂರಿನಲ್ಲಿ ಕೆಲಸಕ್ಕೆ ಸೇರಿದೆ. ಯೂನಿಫಾರ್ಮಿನಲ್ಲಿ ಮೊದಲ ಸಲ ಹಟ್ಟಿಗೆ ಬಂದಾಗ ಅವರು ನನ್ನ ಸುತ್ತ ಒಂದು ಸುತ್ತು ಬಂದು, ಬೆಲ್ಟಿನ ಬಕಲ್ ನೇರ ಮಾಡಿ, "ಸರಿ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಅದು ನನಗಾಗಿ ಮಾತ್ರ ಅಲ್ಲ ಎಂದು ನನಗೆ ಆಗಲೇ ಅನಿಸಿತು.

ಆಮೇಲಿನ ವರ್ಷ ರಜೆಗೆ ಬಂದಾಗ ಅವರು ಬದಲಾಗಿದ್ದರು. ಹುಡುಗಿಯರ ಓಟ ನಿಂತುಹೋಗಿತ್ತು. ಕ್ಯಾರೆಟ್ ತುಂಬುವ ಚೀಲದಲ್ಲಿ ಕಲ್ಲು ಹಾಕಿ, ಬೆನ್ನಿಗೆ ಕಟ್ಟಿಕೊಂಡು ಒಬ್ಬರೇ ಓಡುತ್ತಿದ್ದರು. ಫ್ಯಾಕ್ಟರಿಯಲ್ಲಿ ಎಲೆ ತೂಗುವ ತನಕ ವ್ಯಾನಿನಲ್ಲಿ ಕೂತು ಫೋನಿನಲ್ಲಿ ಯುದ್ಧ ನೋಡುತ್ತಿದ್ದರು. ಬೋಳು ಮರಗಳು, ಕೆಸರು, ಜೇನುಹುಳದಂತೆ ಗುಂಯ್ ಎನ್ನುವ ಡ್ರೋನಿನ ಶಬ್ದ. ನೋಡುವಾಗ ಅವರ ಮುಖದಲ್ಲಿ ಏನೂ ಇರುತ್ತಿರಲಿಲ್ಲ. ಎಡಗಾಲು ಮಾತ್ರ ಸುಮ್ಮನಿರದೆ ಕ್ಲಚ್ಚನ್ನು ಒತ್ತುತ್ತಿತ್ತು.

ಆ ಯುದ್ಧ ನಡೆಸುತ್ತಿದ್ದ ದೇಶದ ಹೆಸರನ್ನು ನಮ್ಮ ಹಟ್ಟಿಯಲ್ಲಿ ಈಗ ಯಾರೂ ಹೇಳುವುದಿಲ್ಲ. ನಾನೂ ಬರೆಯುವುದಿಲ್ಲ. ಅಲ್ಲಿನ ಸೈನ್ಯಕ್ಕೆ ಪರದೇಶದವರನ್ನೂ ಸೇರಿಸಿಕೊಳ್ಳುತ್ತಾರೆ ಎಂದು ಕೊಯಮತ್ತೂರಿನ ಒಬ್ಬ ದಲ್ಲಾಳಿ ಅವರಿಗೆ ಹೇಳಿದ್ದ. ಮೊದಲು ತರಬೇತಿ, ಆಮೇಲೆ ಯೂನಿಫಾರ್ಮು, ಅನುಭವ ಇದ್ದವರಿಗೆ ಮರ್ಯಾದೆ. ಕಾಲಿನ ವಿಷಯ ಇವರೇ ಎತ್ತಿದಾಗ ಅವನು, "ಅದನ್ನೆಲ್ಲ ಅವರು ನೋಡೋದೇ ಇಲ್ಲ ಸಾರ್," ಎಂದನಂತೆ.

ಇದನ್ನು ಅವರು ನನಗೆ ಹೇಳಿದ್ದು ತಮ್ಮ ಅಡುಗೆಮನೆಯಲ್ಲಿ, ಸಂಜೆ ಚಹಾ ಕುಡಿಯುತ್ತ. ಅತ್ತಿಗೆ ಒಲೆಯ ಮುಂದೆ ಆಲೂಗಡ್ಡೆ ಸುಲಿಯುತ್ತಿದ್ದರು. ಸುಲಿಯುವುದು ನಿಂತಿತು.

"ಯಾವುದನ್ನೂ ನೋಡದೆ ತಗೊಳ್ಳೋರು ನಿನ್ನ ಏನಕ್ಕೆ ತಗೊಳ್ತಾರೆ?" ಎಂದರು ಅತ್ತಿಗೆ.

ನಾನು ಸ್ಟೇಷನ್ನಿನಲ್ಲಿ ಕೇಳಿದ್ದನ್ನು ಹೇಳಿದೆ. ಅಡುಗೆ ಕೆಲಸ, ಕಾವಲು ಕೆಲಸ ಎಂದು ಕರೆದುಕೊಂಡು ಹೋಗಿ, ಕೈಗೆ ಬಂದೂಕು ಕೊಟ್ಟು ಮುಂದಿನ ಸಾಲಿಗೆ ತಳ್ಳುತ್ತಾರಂತೆ, ಹೋದವರ ಮನೆಯವರು ಅಲೆಯುತ್ತಿದ್ದಾರಂತೆ ಎಂದೆ.

"ಅವರು ಮೋಸ ಹೋದವರು ತಂಗೀ. ನಾನು ಗೊತ್ತಿದ್ದೇ ಹೋಗ್ತಾ ಇದ್ದೀನಿ."

"ಅದೇ ಅಣ್ಣ ನನಗೆ ಭಯ."

"ನಿನಗೆ ಇದು ಅರ್ಥ ಆಗೋದಿಲ್ಲೆ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ನ ಯಾರೂ ಬೇಡ ಅಂದಿಲ್ಲೆ. ನನ್ನ ಬೇಡ ಅಂದರು. ಬರೀ ಎರಡು ಬೆರಳಿಗೆ. ಒಂದು ಸಲ, ಯಾವುದಾದರೂ ಒಂದು ಪಟ್ಟಾಳ, ಬಾ ಅನ್ನಲಿ. ಸಾಕು."

ಹೋಗುವ ದಿನ ಹತ್ತಿರವಾದಂತೆ ಅವರು ಫೋನಿನಿಂದ ಆ ದೇಶದ ಮಾತು ಕಲಿಯತೊಡಗಿದರು. ತೋಟದಲ್ಲಿ ಎಲೆ ಕೀಳುವಾಗಲೂ ಬಾಯಲ್ಲಿ ಅದೇ. ಎಡಕ್ಕೆ, ಬಲಕ್ಕೆ, ಮಲಗು, ಮುಂದಕ್ಕೆ. ಗಟ್ಟಿಯಾದ, ಗಂಟಲಿಗೆ ಸಿಕ್ಕಿಕೊಳ್ಳುವಂಥ ಪದಗಳು. ಅತ್ತಿಗೆ ಪಕ್ಕದ ಸಾಲಿನಿಂದ ಕೇಳಿದರು: "ಹಿಂದಕ್ಕೆ ಅನ್ನೋದಕ್ಕೆ ಏನಂತಾರೆ?"

ಅವರು ಎಲೆ ಕೀಳುತ್ತಲೇ, "ಪಾಠದಲ್ಲಿ ಅದು ಇನ್ನೂ ಬಂದಿಲ್ಲೆ," ಎಂದರು.

ಪ್ರವಾಸದ ವೀಸಾದಲ್ಲಿ ಹೊರಟ ಮನುಷ್ಯನನ್ನು ತಡೆಯಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಮೇಲಧಿಕಾರಿಗಳನ್ನು ಕೇಳಿದೆ, ದಲ್ಲಾಳಿಯ ಮೇಲೆ ದೂರು ಕೊಡಬೇಕಾದವರು ಹೊರಟವರೇ ಎಂದರು. ಅಣ್ಣ ಕೊಡಲಿಲ್ಲ. ಹಟ್ಟಿಯ ಹಿರಿಯರು ಕರೆದು ಮಾತಾಡಿದರು. ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು, ಎಲ್ಲರ ಕಾಲಿಗೆ ನಮಸ್ಕರಿಸಿ ಬಂದರು. ಹಿರಿಯರು ಅದನ್ನು ಒಪ್ಪಿಗೆಯೆಂದುಕೊಂಡರು. ಅವರು ಮಾಡಿದ್ದು ವಿದಾಯದ ನಮಸ್ಕಾರ.

ಹೊರಟ ದಿನ ಅತ್ತಿಗೆ ಬಸ್ಸಿನ ತನಕ ಬರಲಿಲ್ಲ. ಎಲೆಯ ಚೀಲ ಬೆನ್ನಿಗೆ ಹಾಕಿಕೊಂಡು ತೋಟಕ್ಕೆ ಹೋದರು. ನಾನು ಜೊತೆಗಿದ್ದೆ. ಊಟಿಯ ಬಸ್ಸು ತಿರುವಿನಲ್ಲಿ ಕಾಣಿಸಿದಾಗ ಅವರು ಕೇಳಿದರು: "ನಾನು ಓಡೋದನ್ನ ನೀನು ಎಲ್ಲರಿಗಿಂತ ಹತ್ತಿರದಿಂದ ನೋಡಿದವಳು. ಹೇಳು. ನಾನು ಅನ್‌ಫಿಟ್ಟಾ?"

ಆ ಪದ ಅವರ ಬಾಯಿಂದ ನಾನು ಕೇಳಿದ್ದು ಅದೊಂದೇ ಸಲ.

"ಇಲ್ಲ ಅಣ್ಣ," ಎಂದೆ. ಅದು ನಿಜವಾಗಿತ್ತು. ಅವರು ಹತ್ತಿಕೊಂಡರು. ಕೆಳಗೆ ತೋಟದಲ್ಲಿ ಅತ್ತಿಗೆಯ ತಲೆಯ ಬಿಳಿ ವಸ್ತ್ರ ಕಾಣುತ್ತಿತ್ತು. ಬಸ್ಸು ಹೋದ ಮೇಲೂ ಅದು ತಿರುಗಲಿಲ್ಲ.

ಮೊದಮೊದಲು ಫೋನು ಬರುತ್ತಿತ್ತು. ಚಳಿ ಊಟಿಯ ಪಕ್ಕದ ನಂಜನಾಡಿನ ಚಳಿಗಿಂತ ಜಾಸ್ತಿಯಂತೆ, ಬ್ರೆಡ್ಡು ಕಲ್ಲಿನ ಹಾಗಿದೆಯಂತೆ, ನಮ್ಮ ಕಡೆಯ ಹುಡುಗನೊಬ್ಬ ಜೊತೆಗಿದ್ದಾನಂತೆ, ಗೂಡಲೂರು ಕಡೆಯ ದೇವಾಲ ಊರಿನ ಎಸ್ಟೇಟ್ ಕೂಲಿಲೈನಿನವನು. ಒಂದು ದಿನ ಮುಖ ಕಾಣುವ ಹಾಗೆ ಫೋನು ಮಾಡಿದರು. ನಾನೂ ಅತ್ತಿಗೆಯ ಪಕ್ಕದಲ್ಲಿದ್ದೆ. ತಲೆ ಬೋಳಿಸಿದ್ದರು. ಹಸಿರು ಜಾಕೀಟು. ಅತ್ತಿಗೆ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

"ಕೊರಳಲ್ಲಿ ಲಿಂಗ ಎಲ್ಲಿ?"

ನಮ್ಮಲ್ಲಿ ಲಿಂಗ ಮೈಮೇಲಿಂದ ಇಳಿಯುವ ಹಾಗಿಲ್ಲ. ಹುಟ್ಟಿದಾಗ ಕಟ್ಟಿದ್ದು ಮಣ್ಣಿಗೆ ಹೋಗುವಾಗಲೂ ಜೊತೆಗಿರುತ್ತದೆ. ನಮ್ಮ ಸೈನ್ಯದಲ್ಲಿದ್ದಷ್ಟು ಕಾಲವೂ ಅವರ ಅಂಗಿಯ ಒಳಗೆ ಅದು ಇತ್ತು.

"ಇಲ್ಲಿ ಕೊರಳಲ್ಲಿ ಏನೂ ಹಾಕೋ ಹಾಗಿಲ್ಲೆ," ಎಂದರು. "ಜೇಬಲ್ಲಿದೆ."

"ತೋರಿಸು."

ಅವರು ಆಚೆ ಈಚೆ ನೋಡಿದರು. ಹಿಂದಿನಿಂದ ಯಾರೋ ಕೂಗಿದರು. ಫೋನು ನಿಂತಿತು. ಅತ್ತಿಗೆ ಎದ್ದು ಹೋಗಿ, ಏನೂ ನಡೆಯಲಿಲ್ಲವೆಂಬ ಹಾಗೆ, ಆಕಳಿಗೆ ನೀರಿಟ್ಟರು. ಅದಾದ ಮೇಲೆ ಫೋನು ಬರಲಿಲ್ಲ.

ಸುದ್ದಿ ಬಂದದ್ದು ಚಳಿ ಕಳೆದು ಟೀ ಮತ್ತೆ ಚಿಗುರುವ ಹೊತ್ತಿಗೆ. ದೆಹಲಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ಸ್ಟೇಷನ್ನುಗಳಿಗೆ ಬಂದಿತು. ಮನೆಯವರಿಗೆ ತಿಳಿಸಬೇಕಿತ್ತು. ಅದೇ ಹಟ್ಟಿಯವಳು ನಾನು ಎಂದು ಅಧಿಕಾರಿಗಳಿಗೆ ಗೊತ್ತಿತ್ತು. "ಬೇರೆಯವರು ಹೋದರೆ ಆ ಹೆಂಗಸಿಗೆ ಇನ್ನೂ ಕಷ್ಟ. ನೀನೇ ಹೋಗಮ್ಮ," ಎಂದರು. ಬಟ್ಟೆ ಬದಲಿಸಬೇಕೆಂದು ಹೊಳೆಯಲಿಲ್ಲ. ಜೀಪು ರಸ್ತೆಯಲ್ಲಿ ನಿಂತಿತು. ನಾನು ತೋಟದ ಮೆಟ್ಟಿಲಿಳಿದು ನಡೆದೆ.

ಹಾಡುಹಗಲು. ಹೆಂಗಸರೆಲ್ಲ ಎಲೆ ಕೀಳುತ್ತಿದ್ದರು. ನನ್ನನ್ನು ಮೊದಲು ಕಂಡವರು ಮಾತು ನಿಲ್ಲಿಸಿದರು; ಮೌನ ಸಾಲಿನಿಂದ ಸಾಲಿಗೆ ಇಳಿದು ಅತ್ತಿಗೆಯ ತನಕ ಹೋಯಿತು. ಅವರು ತಲೆಯೆತ್ತಿ ನನ್ನ ಟೋಪಿ ನೋಡಿದರು, ಬೆಲ್ಟು ನೋಡಿದರು. ಬೆನ್ನಿನ ಚೀಲವನ್ನು ಬಿಚ್ಚಿ, ಎಲೆ ಚೆಲ್ಲದ ಹಾಗೆ ನಿಧಾನವಾಗಿ ನೆಲಕ್ಕಿಟ್ಟರು.

"ಹೇಳಬೇಡ," ಎಂದರು. "ನೀ ಸುಮ್ಮನೆ ಬರೋದಾದರೆ ಸೀರೆ ಉಟ್ಟು ಬರ್ತಿದ್ದೆ."

ನಾನು ಅವರ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತೆ.

ದೇವಾಲದ ಹುಡುಗ ಮಳೆಗಾಲದಲ್ಲಿ ಹುಡುಕಿಕೊಂಡು ಬಂದ. ಗಾಯಗೊಂಡು ಆಸ್ಪತ್ರೆ ಸೇರಿ, ಅಲ್ಲಿಂದ ರಾಯಭಾರ ಕಚೇರಿಯವರ ಕಾಲು ಹಿಡಿದು ಊರು ಮುಟ್ಟಿದ್ದ. ಊರುಗೋಲು ಹಿಡಿದಿದ್ದ. ಮಲಯಾಳ ಬೆರೆತ ತಮಿಳಿನಲ್ಲಿ ಮಾತಾಡಿದ.

ಅಲ್ಲಿ ಇಳಿದ ಮೊದಲ ವಾರ ಸಾಲಾಗಿ ನಿಲ್ಲಿಸಿದರಂತೆ. ಮೇಜಿನ ಹಿಂದೆ ಒಬ್ಬ ಡಾಕ್ಟರು, ತಲೆ ಎತ್ತದೆ ಮುದ್ರೆ ಒತ್ತುತ್ತಿದ್ದ. ಪಟ್ಟಾಳದಣ್ಣನ ಸರದಿ ಬಂದಾಗ ಅವರು ಮುಂದಕ್ಕೆ ಹೋಗದೆ, ಕೂತು ಶೂ ಬಿಚ್ಚಿ, ಕಾಲುಚೀಲ ತೆಗೆದು ಪಾದವನ್ನು ಅವನಿಗೆ ತೋರಿಸಿದರಂತೆ.

"ಯಾಕೆ ತೋರಿಸಿದರು ಅಂತ ನನಗೆ ಗೊತ್ತಾಗಲಿಲ್ಲ ಅಕ್ಕ. ಮುಚ್ಚಿಟ್ಟರೆ ಯಾರೂ ಕೇಳ್ತಿರಲಿಲ್ಲ. ನೋಡಿ, ನೋಡಿಯೇ ಹೇಳಿ, ಅನ್ನೋ ಹಾಗೆ ನಿಂತಿದ್ದರು. ಡಾಕ್ಟರು ನಕ್ಕು ಏನೋ ಅಂದ. ಏನಂದ ಅಂತ ಅಣ್ಣ ದುಭಾಷಿಯನ್ನ ಕೇಳಿದರು. ಬೆರಳು ಬೇಕಾಗೋದು ವಾಪಸ್ ಬರೋರಿಗೆ ಅಂತಾರೆ, ಅಂದ."

ಅತ್ತಿಗೆ ಗೋಡೆ ನೋಡುತ್ತಿದ್ದರು.

"ಅಣ್ಣ ಕಾಲುಚೀಲ ಹಾಕ್ಕೊಳ್ಳೋಕೆ ಬಹಳ ಹೊತ್ತು ತಗೊಂಡರು. ಆಮೇಲೆ ನಮ್ಮ ಜೊತೆ ಮಾತೇ ಕಡಿಮೆ. ಆದರೆ ಎಲ್ಲಿಗೆ ಹೋದರೂ ನಮ್ಮ ಹುಡುಗರನ್ನ ತಮ್ಮ ಹಿಂದೆ ಇಟ್ಟುಕೊಳ್ತಿದ್ದರು."

ಒಂದು ಬೆಳಿಗ್ಗೆ ಅವರನ್ನು ಬೋಳು ಮರಗಳ ಸಾಲಿನ ಕಡೆ ಅಟ್ಟಿದರು. ಹುಡುಗನ ತೊಡೆಗೆ ಪೆಟ್ಟು ಬಿದ್ದು ಬಯಲಿನಲ್ಲೇ ಉಳಿದ. ಅಣ್ಣ ಆಗಲೇ ಮರಗಳ ಮರೆ ಸೇರಿದ್ದರಂತೆ. ಅಲ್ಲಿಂದ ಓಡಿ ಬಂದು, ಅವನನ್ನು ಜಾಕೀಟು ಹಿಡಿದು ಎಳೆದು ಗುಂಡಿಗೆ ಉರುಳಿಸಿದರು. ಅವರು ಒಳಗೆ ಇಳಿಯುವ ಮೊದಲೇ ಮೇಲೆ ಆ ಗುಂಯ್ ಶಬ್ದ ಬಂತು.

ಅತ್ತಿಗೆ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ. "ಆಗ ಅವರ ಮುಖ ಯಾವ ಕಡೆಗಿತ್ತು?"

"ನನ್ನ ಕಡೆಗೆ ಅಕ್ಕ," ಎಂದ ಹುಡುಗ. ಅತ್ತಿಗೆ ಎದ್ದು ಅವನಿಗೆ ಅನ್ನ ಬಡಿಸಿದರು.

ದೇಹ ಬರಲಿಲ್ಲ. ಎಲ್ಲಿದೆಯೆಂದೂ ಯಾರೂ ಹೇಳಲಿಲ್ಲ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತೇವೆ. ಕೂರಿಸಲು ಯಾರೂ ಇಲ್ಲದೆ ಹಿರಿಯರಿಗೆ ದಿಕ್ಕು ತೋಚಲಿಲ್ಲ. ಕೊನೆಗೆ ಅಯ್ಯನವರು ಬಂದು ಮನೆಯೊಳಗೇ ಪೂಜೆ ಮಾಡಿ ಮುಗಿಸಿದರು. ಗುಂಡಿ ತೋಡಲಿಲ್ಲ. ತೋಡುವುದು ಬೇಡ ಎಂದವರು ಅತ್ತಿಗೆ.

ಅಂದಿನಿಂದ ನಾನು ಹಟ್ಟಿಗೆ ಹೋಗುವಾಗಲೆಲ್ಲ ಸೀರೆ ಉಟ್ಟೇ ಹೋಗುತ್ತಿದ್ದೆ. ಸ್ಟೇಷನ್ನಿನಿಂದ ನೇರ ಹೋಗುವುದಿದ್ದರೂ ಬಟ್ಟೆ ಬದಲಿಸಿಕೊಂಡು. ನಾನು ತಿನ್ನುವ ಅನ್ನ ಅವರು ಕೊಟ್ಟದ್ದು. ನನ್ನ ಉಸಿರನ್ನು ಹದ ಮಾಡಿದವರು ಅವರು. ಅವರು ನನಗೆ ಗಳಿಸಿಕೊಟ್ಟ ಬಟ್ಟೆಯನ್ನೇ ತೊಟ್ಟು ಅವರ ಸಾವನ್ನು ಅವರ ತೋಟಕ್ಕೆ ಹೊತ್ತು ತಂದಿದ್ದೆ. ಈ ಲೆಕ್ಕ ನನಗೆ ಇಂದಿಗೂ ಸರಿಹೋಗಿಲ್ಲ.

ಕಳೆದ ಸಲ ಹೋದಾಗ ಅತ್ತಿಗೆ ನನ್ನ ಸೀರೆಯನ್ನು ನೋಡಿ, ನಗೆಯಂಥದ್ದೇನೋ ನಕ್ಕರು.

"ಮುಂದಿನ ಸಲ ಖಾಕಿಯಲ್ಲೇ ಬಾ," ಎಂದರು. "ಈ ಮನೆಯಲ್ಲಿ ಹೆದರಿಕೊಳ್ಳೋದಕ್ಕೆ ಇನ್ನೇನೂ ಉಳಿದಿಲ್ಲೆ."