ಅತ್ತೆ ಉಗಿದ ಬೀಜದ ಮರ

ಐದೂಕಾಲಿಗೆ ಎದ್ದು ನಲ್ಲಿ ನೀರು ತುಂಬಿಸಿದೆ. ಬಾಗಿಲಿಗೆ ನೀರು ಚಿಮುಕಿಸಿ ಒಂದು ಚಿಕ್ಕ ರಂಗೋಲಿ ಎಳೆದೆ. ಹಾಲು ಕಾಯಿಸಿದೆ. ಅತ್ತೆಗೆ ಬಿ.ಪಿ. ಮಾತ್ರೆ ಕೊಟ್ಟು, ನುಂಗಿದರೋ ಸೆರಗಿಗೆ ಕಟ್ಟಿಕೊಂಡರೋ ಅಂತ ನಿಂತು ನೋಡಿದೆ. ಉಪ್ಪಿಟ್ಟಿಗೆ ರವೆ ಹುರಿದೆ. ನಮ್ಮನೆಯವರ ಎರಡು ಷರ್ಟು ಒಗೆದು ತಾರಸಿಯ ಮೇಲೆ ಹಾಕಿದೆ. ಮಿಕ್ಸಿ ಜಾರಿನ ಅಡಿಯಲ್ಲಿ ಸೋರುತ್ತಿತ್ತು, ವಾಷರ್ ತಿರುಗಿಸಿ ಹಾಕಿದೆ, ನಿಂತಿತು. ಗ್ಯಾಸ್ ಬುಕ್ ಮಾಡಿದೆ. ಏಳು ಗಂಟೆಗೆ ಮರ ಕಡಿಯುವ ಮೇಸ್ತ್ರಿಗೆ ಫೋನು ಮಾಡಿ, "ತೋಪು ಪೂರ್ತಿ ಸವರಿಬಿಡಪ್ಪಾ, ಒಂದೂ ಬಿಡಬೇಡ, ಮೂರು ಗಂಟೆಗೆ ಸಾಹೇಬ್ರು ನೋಡೋಕೆ ಬರ್ತಾರೆ" ಅಂದೆ. ಆಮೇಲೆ ಸಾರಿಗೆ ಹುಣಸೆಹಣ್ಣು ನೆನೆಹಾಕಿದೆ.

ಅಷ್ಟೂ ಕೆಲಸದಲ್ಲಿ ಅರ್ಧ ನಿಮಿಷವೂ ಹಿಡಿಯದ್ದು ಆ ಫೋನು.

ತೋಪು ಅಂದರೆ ದೊಡ್ಡದೇನಲ್ಲ. ಇಪ್ಪತ್ತು ಗುಂಟೆ ಜಾಗ. ನಮ್ಮ ಮನೆ ವಿದ್ಯಾರಣ್ಯಪುರಂನಲ್ಲಿ, ತೋಪು ರಿಂಗ್ ರೋಡಿನ ಆಚೆ. ಮಾವ ಅಲ್ಲಿ ಎರಡು ಸಾಲು ಹೊಂಗೆ ನೆಟ್ಟಿದ್ದರು, ಹಿಂದುಗಡೆ ಬೇವು, ಹುಣಸೆ. ಸುತ್ತ ಇದ್ದ ಗದ್ದೆಗಳೆಲ್ಲ ಒಂದೊಂದಾಗಿ ಲೇಔಟ್ ಆಗಿ, ನಮ್ಮದೊಂದು ಮಾತ್ರ ಮನೆಗಳ ನಡುವೆ ಹಸಿರು ತೇಪೆಯ ಹಾಗೆ ಉಳಿದುಕೊಂಡಿದೆ. ನಟ್ಟನಡುವೆ ಒಂದು ಹಲಸಿನ ಮರ. ಅದು ಅತ್ತೆಯದು. ಮದುವೆಯಾದ ಹೊಸದರಲ್ಲಿ ತವರಿನಿಂದ ತಂದ ಹಣ್ಣನ್ನು ಬದುವಿನ ಮೇಲೆ ಕೂತು ತಿಂದು ಬೀಜ ಉಗಿದಿದ್ದರಂತೆ, ಅದರಲ್ಲೊಂದು ಎದ್ದುಕೊಂಡಿತಂತೆ. "ಮಿಕ್ಕಿದ್ದೆಲ್ಲಾ ನಿಮ್ಮಾವ ಗುಣಿ ತೋಡಿ, ಗೊಬ್ಬರ ಹಾಕಿ ನೆಟ್ಟಿದ್ದು. ಇದೊಂದು ನಾನು ಥೂ ಅಂತ ಉಗಿದಿದ್ದು. ಯಾವುದು ದೊಡ್ಡದಾಯ್ತು ನೋಡು!" ಅಂತ ನೂರು ಸಲವಾದರೂ ನನಗೆ ಹೇಳಿದ್ದಾರೆ.

ಹೋದ ವರ್ಷದ ತೆರಿಗೆ ಕಾಗದದಲ್ಲಿ ಆ ಜಾಗದ ಮುಂದೆ 'ಖಾಲಿ ನಿವೇಶನ' ಅಂತ ಇತ್ತು. ನಾನೇ ಅದನ್ನು ಅತ್ತೆಗೆ ಓದಿ ಹೇಳಿದ್ದು. ಅತ್ತೆ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ, "ಖಾಲಿನಾ? ಅಷ್ಟೊಂದು ಮರ ಇದಾವಲ್ಲೇ, ಅವೇನು ಗಾಳೀಲಿ ನಿಂತಿದಾವಾ?" ಅಂದರು. ಖಾಲಿ ಸೈಟಿನ ಲೆಕ್ಕದಲ್ಲಿ ಬಂದ ತೆರಿಗೆ ನೋಡಿ ನಮ್ಮನೆಯವರು ಅಂಗಡಿಯ ಲೆಕ್ಕದ ಪುಸ್ತಕ ಬಿಚ್ಚಿಕೊಂಡು ಕೂತರು. ಅವರದು ಬನ್ನಿಮಂಟಪದ ಹತ್ತಿರ ಮೋಟಾರ್ ವೈಂಡಿಂಗ್ ಅಂಗಡಿ. ಈ ಸಲ ತೆರಿಗೆ ಕಚೇರಿಗೆ ಹೋಗಿ ವಿಚಾರಿಸಿದಾಗ, ಮರ ಬೆಳೆಸಿ ನೋಡಿಕೊಂಡು ಬಂದ ಜಾಗವಾದರೆ ರಿಯಾಯಿತಿ ಉಂಟು, ಅರ್ಜಿ ಕೊಡಿ, ಸಾಹೇಬರು ಬಂದು ನೋಡುತ್ತಾರೆ ಅಂದರಂತೆ. ಒಂದೇ ಷರತ್ತು. ಮರಗಳನ್ನು ಯಾರಾದರೂ ನಿರ್ವಹಣೆ ಮಾಡಿಕೊಂಡು ಬಂದಿರಬೇಕು, ತಾನಾಗಿ ಬೆಳೆದ ಗಿಡಗಂಟಿಗೆ ರಿಯಾಯಿತಿ ಇಲ್ಲ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವರು ತಾಯಿಯ ಮುಖ ನೋಡದೆ ಹೇಳಿದರು, "ಇದೊಂದು ಆಗದೆ ಹೋದ್ರೆ ಪಕ್ಕದ ಲೇಔಟಿನವರಿಗೆ ಕೊಟ್ಟುಬುಡೋಣ ಕಣವ್ವ. ವರ್ಷಾ ವರ್ಷಾ ಇದನ್ನ ಎಳೆಯೋಕೆ ನನ್ನ ಕೈಲಾಗಲ್ಲ."

ಅತ್ತೆ ಮುದ್ದೆ ಮುರಿಯುತ್ತ, "ಹಂಗಾದ್ರೆ ಸವರಿಸಿ. ನಿಮ್ಮಪ್ಪ ಹೋದ ಮೇಲೆ ಯಾರೂ ಸವರಿಸೇ ಇಲ್ಲ. ಸವರಿಸಿದ್ರೆ ತಾನೇ ತೋಪು, ಇಲ್ಲದಿದ್ರೆ ಅದು ಕಾಡೇ" ಅಂದರು.

ಅವರ ಬಾಯಿಂದ ನಾನು ಎತ್ತಿಕೊಂಡ ಮಾತು ಅದು. ಸವರುವುದು. ನಾನು ಪೇಟೆಯೊಳಗೆ ಹುಟ್ಟಿ ಬೆಳೆದವಳು. ನನಗೆ ಸವರುವುದು ಅಂದರೆ ಮಗುವಿನ ತಲೆ ಸವರುವುದು, ದೋಸೆ ಕಾವಲಿಗೆ ಎಣ್ಣೆ ಸವರುವುದು. ಮರಕ್ಕಾದರೆ ಒಣಗಿದ ರೆಂಬೆ ತೆಗೆದು, ಬುಡದ ಕಳೆ ಕಿತ್ತು ಓರಣ ಮಾಡುವುದು ಇರಬೇಕು ಅಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಕೇಳುವಂಥ ಮಾತು ಅಂತ ಅನ್ನಿಸಲೇ ಇಲ್ಲ.

ಹನ್ನೆರಡಕ್ಕೆ ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು, ಕೆಲಸದವರಿಗೆ ಚಿತ್ರಾನ್ನದ ಡಬ್ಬಿ ಹಿಡಿದು ಹೊರಟೆ. ಯುಗಾದಿ ಕಳೆದು ಎರಡು ವಾರವಾಗಿತ್ತು, ಬಿಸಿಲು ಉರಿಯುತ್ತಿತ್ತು. ಅತ್ತೆಯದು ದಾರಿಯುದ್ದಕ್ಕೂ, ಹಲಸು ಈ ವರ್ಷ ಎಷ್ಟು ಕಾಯಿ ಕಚ್ಚಿದೆಯೋ ಅಂತಲೇ ಮಾತು. ತಿರುವಿನಲ್ಲಿ ಆಟೋ ನಿಂತಿತು. ಇಳಿದವಳಿಗೆ ಬೇರೆ ಯಾವುದೋ ರಸ್ತೆಗೆ ಬಂದುಬಿಟ್ಟೆವು ಅನ್ನಿಸಿತು. ಆ ತಿರುವಿನಲ್ಲಿ ಯಾವಾಗಲೂ ಕಾಣುತ್ತಿದ್ದುದು ಹೊಂಗೆಯ ಗೋಡೆ. ಈಗ ಆಚೆ ಬೀದಿಯ ಮನೆಯವರು ತಾರಸಿಯಲ್ಲಿ ಒಣಹಾಕಿದ ಬೆಡ್‌ಶೀಟಿನ ಹೂವು ಎಣಿಸುವ ಹಾಗೆ ಕಾಣುತ್ತಿತ್ತು. ಅಷ್ಟು ಬೆಳಕು.

ಎರಡು ಸಾಲು ಹೊಂಗೆಯೂ ಮೊಳಕಾಲೆತ್ತರಕ್ಕೆ ಮೊಂಡಾಗಿ ನಿಂತಿದ್ದವು. ಎಳೆ ಎಲೆಗಳ ರಾಶಿ ಮೇಲೆ ಗಾಳಿ ಆಡುತ್ತಿತ್ತು. ಗರಗಸದ ಮೋಟಾರು ಇನ್ನೂ ಹೊಡೆದುಕೊಳ್ಳುತ್ತಿತ್ತು, ಮೇಸ್ತ್ರಿ ಬೇವಿನ ಕಡೆ ಹೊರಟಿದ್ದ. ಡಬ್ಬಿ ಕೈಯಲ್ಲೇ ಇತ್ತು, ಅದನ್ನು ನೆಲಕ್ಕೆ ಇಡಬೇಕು ಅನ್ನುವುದೂ ಹೊಳೆಯಲಿಲ್ಲ. ಆಮೇಲೆ ಹೇಗೋ ಓಡಿಹೋಗಿ ಬೇವಿಗೆ ಅಡ್ಡ ನಿಂತೆ.

"ಏನ್ ಮಾಡ್ಬುಟ್ರಿ! ಏನಿದು!"

ಮೇಸ್ತ್ರಿ ಮೋಟಾರು ಆರಿಸಿದ. ನನ್ನ ಮುಖ ನೋಡಿ ಅವನೇ ಹೆದರಿದ. "ಯಾಕಕ್ಕಾ? ನೀವೇ ಅಲ್ವಾ ಸವರಿಬುಡು ಅಂದಿದ್ದು?"

"ಸವರು ಅಂದೆ ಕಣಪ್ಪಾ, ಕಡಿ ಅಂದ್ನಾ?"

"ಸವರೋದು ಅಂದ್ರೆ ಇನ್ನೇನಕ್ಕಾ? ತಲೆ ಬಾಚೋದಾ?" ಅಂದ ಅವನು. ಜೊತೆಯವರಿಬ್ಬರು ನಗಲು ಹೋಗಿ ನಿಲ್ಲಿಸಿದರು. "ಪೂರ್ತಿ ಅಂದ್ರಿ, ಒಂದೂ ಬಿಡಬೇಡ ಅಂದ್ರಿ. ನಾನು ಫೋನಲ್ಲೇ ಕೇಳ್ದೆ, ಒಂದೂ ಬಿಡಬಾರದಾ ಅಂತ. ಊಂ ಅಂದ್ರಿ."

ಊಂ ಅಂದಿದ್ದೆ. ಆಗ ಒಲೆಯ ಮೇಲೆ ಉಪ್ಪಿಟ್ಟು ಸೀಯುತ್ತಿತ್ತು.

ಅತ್ತೆ ನಿಧಾನವಾಗಿ ಹಿಂದೆ ಬರುತ್ತಿದ್ದರು. ಹೊಂಗೆಯ ಮೊಂಡುಗಳ ನಡುವೆ ಕೋಲೂರಿಕೊಂಡು, ಒಂದೊಂದರ ತಲೆಯನ್ನೂ ಮುಟ್ಟಿ ನೋಡುತ್ತ ಬಂದರು. ಅವರ ಮುಖದಲ್ಲಿ ನಾನು ಹೆದರಿದ್ದು ಯಾವುದೂ ಇರಲಿಲ್ಲ. "ಚೆನ್ನಾಗೇ ಸವರವ್ನೆ. ಓರೆಯಾಗಿ ಕುಯ್ದವ್ನೆ, ನೀರು ನಿಲ್ಲಲ್ಲ" ಅಂದರು. ನನಗೆ ಇನ್ನಷ್ಟು ಗಾಬರಿಯಾಯಿತು, ಬಿಸಿಲಿಗೆ ತಲೆ ಏನಾದರೂ ಆಯಿತೇ ಅಂತ.

ಆಮೇಲೆ ಅವರು ತಲೆ ಎತ್ತಿ ನಡುವಿನ ಕಡೆ ನೋಡಿದರು.

ಹಲಸು ಮಲಗಿತ್ತು. ಬುಡದ ಹಳದಿ ಇನ್ನೂ ಹಸಿಯಾಗಿತ್ತು, ಬಿಳೀ ಅಂಟು ಅಂಚಿನಲ್ಲಿ ಸುರಿದು ಮಣ್ಣಿಗೆ ಇಳಿದಿತ್ತು. ಬುಡದಿಂದ ಕವಲಿನವರೆಗೂ ಎಳೆಕಾಯಿಗಳು ಹಾಗೇ ಕಚ್ಚಿಕೊಂಡಿದ್ದವು.

ಅತ್ತೆ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಹೊಂಗೆ ಸವರ್ತಾರೆ, ಅದು ಮತ್ತೆ ಚಿಗುರ್ತದೆ" ಅಂದರು. ಬುಡದ ಹತ್ತಿರ ಬಂದು, "ಹಲಸು ಯಾರಾದ್ರೂ ಸವರ್ತಾರಾ? ಅದು ಏಳಲ್ವಲ್ಲೇ" ಅಂದರು. ಮೇಸ್ತ್ರಿ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನಾನು ಅವರ ಎದುರು ಉಪ್ಪು ಜಾಸ್ತಿ ಮಾಡಿದ್ದೇನೆ, ಬೆಳ್ಳಿ ಲೋಟ ಕಳೆದಿದ್ದೇನೆ. ಎಲ್ಲಕ್ಕೂ ಏನಾದರೊಂದು ಸಮಜಾಯಿಷಿ ಇರುತ್ತಿತ್ತು.

ಕೆಲಸದವರಿಗೆ ಚಿತ್ರಾನ್ನ ಬಡಿಸಿದೆ. ಅವರೂ ತಲೆ ತಗ್ಗಿಸಿಕೊಂಡೇ ತಿಂದರು. ನಮ್ಮನೆಯವರು ಅಂಗಡಿಗೆ ಬೀಗ ಹಾಕಿಕೊಂಡು ಎರಡೂವರೆಗೆ ಬಂದರು. ಸ್ಕೂಟರಿನ ಸ್ಟ್ಯಾಂಡ್ ಹಾಕಲೂ ಮರೆತು ನಿಂತುಬಿಟ್ಟರು. "ಈಗ ನಿಜವಾಗ್ಲೂ ಖಾಲಿ ಮಾಡಿಟ್ಟಿದೀಯಲ್ಲೇ!" ಅಂದರು. ಅಷ್ಟೇ ಅಂದಿದ್ದು. ನಿಜವಲ್ಲವೇ. ಕಾಗದದಲ್ಲಿ ಸುಳ್ಳಾಗಿದ್ದದ್ದನ್ನು ನಾನು ಒಂದು ಬೆಳಿಗ್ಗೆಯಲ್ಲಿ ನಿಜ ಮಾಡಿದ್ದೆ. ಸಾಹೇಬರಿಗೆ ಫೋನು ಮಾಡಿ ಇನ್ನೊಂದು ದಿನ ಬನ್ನಿ ಅನ್ನೋಣ ಅಂತ ಅವರು ಮೊಬೈಲು ತೆಗೆಯುವ ಹೊತ್ತಿಗೆ ಗೇಟಿನ ಹತ್ತಿರ ಬೈಕು ನಿಂತಿತು.

ಬಂದವರು ವಯಸ್ಸಿನಲ್ಲಿ ನಮಗಿಂತ ಚಿಕ್ಕವರು. ಹೆಲ್ಮೆಟ್ ತೆಗೆದು, ಸುತ್ತ ಒಂದು ಸಲ ನೋಡಿ, "ಎಲ್ರೀ ಮರ?" ಅಂದರು. ನಮ್ಮನೆಯವರು ಏನೋ ತೊದಲಿದರು. ಅವರು ಉತ್ತರಕ್ಕೆ ಕಾಯದೆ ಹೊಂಗೆಯ ಸಾಲಿನೊಳಗೆ ನಡೆದರು. ಎರಡನೇ ಮೊಂಡಿನ ಹತ್ತಿರ ನಿಂತು, ಕುಕ್ಕರಗಾಲಿನಲ್ಲಿ ಕೂತು, ಎಲೆ ಸರಿಸಿದರು. ನಾನೂ ಆಗಲೇ ಸರಿಯಾಗಿ ನೋಡಿದ್ದು. ಬುಡ ಒಂದೇ, ಆನೆಯ ಪಾದದಷ್ಟು ದಪ್ಪ, ಗಂಟು ಗಂಟು. ಅದರಿಂದ ಏಳೆಂಟು ಕಾಂಡ ಎದ್ದಿದ್ದವು, ಇವತ್ತು ಕಡಿದದ್ದು ಆ ಕಾಂಡಗಳನ್ನು. ಅವುಗಳ ಕೆಳಗೆ, ತೊಗಟೆ ಮುಚ್ಚಿಕೊಂಡ ಹಳೆಯ ಕಡಿತಗಳು, ಒಂದರ ಮೇಲೊಂದು. ಇಷ್ಟು ವರ್ಷ ಎಲೆಯ ಮರೆಯಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದವು.

"ಯಾರು ಸವರ್ತಿದ್ರು ಇದನ್ನ?" ಅಂದರು ಅವರು. ಅವರ ಬಾಯಲ್ಲೂ ಅದೇ ಮಾತು.

"ನಮ್ಮನೆಯವರು ಕಣಪ್ಪ" ಅಂದರು ಅತ್ತೆ. "ನಾನು ಬಂದ ಮೇಲೇ ಐದು ಸಲ ಸವರವ್ರೆ. ಸೊಪ್ಪೆಲ್ಲಾ ಗೊಬ್ಬರಕ್ಕೆ ಅಂತ ಗದ್ದೇಗ್ ತುಳಿಸ್ತಿದ್ವಿ."

"ಗದ್ದೆ ಎಲ್ಲಿ ಅಜ್ಜಿ?"

ಅತ್ತೆ ಕೋಲೆತ್ತಿ ಬೆಡ್‌ಶೀಟು ಒಣಗುತ್ತಿದ್ದ ಮನೆ ತೋರಿಸಿದರು. "ಅಗೋ, ಅವರ ಅಡುಗೆಮನೆ ಇದೆಯಲ್ಲ, ಅಲ್ಲಿ."

ಸಾಹೇಬರು ನಕ್ಕರು. ತಮ್ಮೂರಿನಲ್ಲಿ ತಾತನೂ ಹೊಂಗೆ ಸೊಪ್ಪು ತುಳಿಸುತ್ತಿದ್ದರು ಅಂದರು. ಫೋಟೋ ತೆಗೆದುಕೊಳ್ಳುತ್ತ ಸಾಹೇಬರು ನಡುವಿಗೆ ಬಂದರು, ಹಲಸಿನ ಹತ್ತಿರ ನಗು ನಿಂತಿತು.

"ಇದ್ಯಾಕ್ರೀ ಕಡಿದ್ರಿ? ಹಲಸು ಸವರೋ ಮರ ಅಲ್ವಲ್ಲ. ಇದೆಲ್ಲಾ ಗೊತ್ತಿದ್ದು ಮಾಡ್ಸಿದ್ದಾ, ಇಲ್ಲಾ ಯಾರೋ ಬಂದು ಕಂಡಿದ್ದೆಲ್ಲ ಕಡ್ಕೊಂಡು ಹೋದ್ರಾ?"

ತಪ್ಪಿ ಕಡಿದದ್ದು ಅಂದರೆ ಇಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ ಅಂದಂತೆ. ಆದರೆ ಹೇಳಬೇಕಾದವಳು ನಾನೇ. "ಸರ್, ಅದು ನಾನು..." ಅಂತ ಶುರುಮಾಡಿದೆ.

"ನಾನೇ ಕಡಿಸಿದ್ದು" ಅಂದರು ಅತ್ತೆ.

ನಾನು ತಿರುಗಿ ನೋಡಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. "ನೆರಳು ಜಾಸ್ತಿ ಆಗಿತ್ತು ಕಣಪ್ಪ. ಅದರ ನೆರಳಿಗೆ ಈ ಕಡೆ ಹೊಂಗೆ ಏಳ್ತಾನೇ ಇರಲಿಲ್ಲ. ತೋಪು ಉಳೀಬೇಕು ಅಂದ್ರೆ ಒಂದು ತೆಗೀಬೇಕಾಗ್ತದೆ. ತಾನಾಗಿ ಹುಟ್ಟಿದ್ದು ಅದು, ಯಾರೂ ನೆಟ್ಟಿದ್ದಲ್ಲ."

ಹೀಗೆ ಅಂದುಬಿಟ್ಟರು. ಯಾರೂ ನೆಟ್ಟಿದ್ದಲ್ಲ. ನೂರು ಸಲ ಕೇಳಿದ ಕಥೆಯನ್ನು ಅವರೇ ಹೀಗೆ ಅಳಿಸಿಹಾಕುವುದನ್ನು ಕೇಳಿ ನನಗೆ ಬೆಳಗಿನಿಂದ ಕಂಡದ್ದೆಲ್ಲಕ್ಕಿಂತ ಹೆಚ್ಚು ದಿಗಿಲಾಯಿತು.

ಸಾಹೇಬರು ಅತ್ತೆಯನ್ನು ಒಂದು ಕ್ಷಣ ನೋಡಿ, ಬೈಕಿನ ಸೀಟಿನ ಮೇಲೆ ಹಾಳೆ ಇಟ್ಟುಕೊಂಡು ಬರೆದರು. ನಮ್ಮನೆಯವರು ಪಕ್ಕದಲ್ಲಿ ನಿಂತು ಓದಿದರು. 'ಸ್ಥಳದಲ್ಲಿ ಹಳೆಯ ತೋಪಿದ್ದು, ಕಾಲಕಾಲಕ್ಕೆ ಸವರಿ ನಿರ್ವಹಿಸಿಕೊಂಡು ಬಂದಿರುವುದು ಕಂಡುಬಂದಿದೆ. ರಿಯಾಯಿತಿಗೆ ಶಿಫಾರಸು ಮಾಡಿದೆ.' ಖಾಲಿ ಅನ್ನುವ ಮಾತು ಎಲ್ಲೂ ಇರಲಿಲ್ಲ.

ಅವರು ಹೋದ ಮೇಲೆ ನಾನು ಅತ್ತೆಯ ಹತ್ತಿರ ಹೋದೆ. "ಅತ್ತೆ" ಅಂದೆ.

"ಚೀಲ ತಂದಿದೀಯಾ?" ಅಂದರು. "ಎಳೆಕಾಯಿ ಕುಯ್ಕೋ. ಬಿಸಿಲಿಗೆ ಬಾಡೋಗ್ತವೆ. ಕೈಗೆ ಎಣ್ಣೆ ಹಚ್ಕೊಂಡು ಕುಯ್ಯಿ, ಅಂಟಾಗ್ತದೆ."

ಎಣ್ಣೆ ಎಲ್ಲಿತ್ತು. ಬರಿಗೈಯಲ್ಲೇ ಕುಯ್ದೆ. ಆಟೋದಲ್ಲಿ ಚೀಲ ನನ್ನ ಕಾಲ ಮೇಲಿತ್ತು, ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮನೆಗೆ ಬಂದು ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ ಉಜ್ಜಿ ತೊಳೆದೆ. ಉಗುರಿನ ಸಂದಿನದು ಹೋಗಲಿಲ್ಲ.

ಸಂಜೆ ಬೆಳಗಿನ ಹುಣಸೆ ನೀರಿಗೇ ಎಳೆಹಲಸಿನ ಹುಳಿ ಮಾಡಿದೆ, ತೊಗರಿಬೇಳೆ ಹಾಕಿ, ಒಣಮೆಣಸಿನಕಾಯಿ ಇಂಗಿನ ಒಗ್ಗರಣೆ ಕೊಟ್ಟು. ಜೊತೆಗೆ ಮುದ್ದೆ, ಅನ್ನ. ನಮ್ಮನೆಯವರು ಹೋಳುಗಳನ್ನು ತಟ್ಟೆಯ ಅಂಚಿಗೆ ಸರಿಸಿ ಬರೀ ರಸದಲ್ಲಿ ಉಂಡರು. ನಾನು ಮಜ್ಜಿಗೆ ಅನ್ನ ಕಲಸಿಕೊಂಡೆ. ಅತ್ತೆ ಎರಡು ಸಲ ಹಾಕಿಸಿಕೊಂಡರು. "ಉಪ್ಪು ಸ್ವಲ್ಪ ಮುಂದಾಯ್ತು" ಅಂದರು, ಅದನ್ನೂ ತಿಂದರು. ಕೈ ತೊಳೆದು, ಮಾತ್ರೆ ತಾವೇ ಕೇಳಿ ನುಂಗಿ, ಗೋಡೆಯ ಕಡೆ ತಿರುಗಿ ಮಲಗಿದರು. ಎಲ್ಲರಿಗಿಂತ ಮೊದಲು ನಿದ್ದೆ ಹೋದವರು ಅವರೇ.