ಮಣಿಯಣ್ಣನ ಕಾಲು ನಿಂತಾಗ

ಮಣಿಯಣ್ಣ ಕೂತಿದ್ದನ್ನು ನಾನು ನೋಡಿದ್ದೇ ಕಡಿಮೆ. ಕೂತರೂ ಅವರ ಬಲಗಾಲು ಕೂರುತ್ತಿರಲಿಲ್ಲ. ನನ್ನ ಹೊಲಿಗೆ ಮೆಷಿನ್ನಿನ ಸೂಜಿಯ ಹಾಗೆ ಮೇಲೆ ಕೆಳಗೆ ಆಡುತ್ತಲೇ ಇರುತ್ತಿತ್ತು. ಹಲಸೂರು ಕೆರೆಯ ಹಿಂದಿನ ಸಂದಿಯಲ್ಲಿ ಅವರದು ಗಾಡಿಗಳ ವೈರಿಂಗ್ ಅಂಗಡಿ. ಅಲ್ಲಿ ಒಂದೇ ಒಂದು ಸ್ಟೂಲಿತ್ತು, ಅದರ ಮೇಲೂ ಸದಾ ಯಾವುದಾದರೊಂದು ಬ್ಯಾಟರಿ ಕೂತಿರುತ್ತಿತ್ತು. ಟೀ, ತಿಂಡಿ, ಊಟ ಎಲ್ಲ ನಿಂತೇ. ಮಗಳ ಮದುವೆಯ ಫೋಟೋದಲ್ಲಿ ಬೀಗರು, ಪುರೋಹಿತರು, ಹಿಂದಿನ ಬಾಳೆಕಂಬ ಎಲ್ಲ ನಿಚ್ಚಳವಾಗಿದ್ದರೆ ಮಣಿಯಣ್ಣ ಮಾತ್ರ ಮಸುಕಾಗಿದ್ದರು. ಫೋಟೋದವನನ್ನು ಬೈದರೆ ಅವನು ಕೈಮುಗಿದು, ಸಾಮಿ, ನಿಮ್ಮನ್ನ ಹಿಡಿಯೋಕೆ ನನ್ನ ಕೈಲಾಗಲ್ಲ ಅಂದನಂತೆ. ಅದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು.

ನನ್ನದು ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಗಾಡಿ ಸೀಟಿನ ಕುಶನ್ ಅಂಗಡಿ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಸೂಜಿ ಹಿಡಿದವನು ನಾನು. ನನ್ನ ಹೊಲಿಗೆ ಬಿಚ್ಚಿತು ಅಂತ ಯಾರೂ ವಾಪಸ್ ಬಂದಿರಲಿಲ್ಲ. ಆ ಹೆಮ್ಮೆ ನನಗೆ ಇತ್ತು, ಈಗಲೂ ಇದೆ.

ಗಾಡಿಯ ರೋಗಗಳಿಗೆ ಮಣಿಯಣ್ಣ ಎರಡೇ ಹೆಸರು ಇಟ್ಟಿದ್ದರು. ಪೂರ್ತಿ ಕೆಟ್ಟು ನಿಂತರೆ ಅದು ಬಾಡಿಗೆಯವನು. ಬಂದು ಬಂದು ಹೋಗುತ್ತಿದ್ದರೆ ಅದು ನೆಂಟ.

"ಬಾಡಿಗೆಯವನು ಮನೇಲೇ ಇರ್ತಾನಪ್ಪಾ, ಹೋಗಿ ಬಾಗಿಲು ತಟ್ಟಿದ್ರೆ ಸಿಕ್ತಾನೆ. ಈ ನೆಂಟ ಇದಾನಲ್ಲ, ಅಡುಗೆ ಮಾಡಿ ಕಾಯ್ತಾ ಕೂತ್ರೆ ಬರಲ್ಲ" ಎನ್ನುತ್ತಿದ್ದರು.

ಅಂಥ ಒಬ್ಬ ನೆಂಟ ನನ್ನ ಹೆಸರಿಗೇ ಕುತ್ತು ತಂದ. ರಿಚರ್ಡ್ಸ್ ಟೌನಿನ ಡೊರೀನ್ ಮೇಡಂ ಹತ್ತಿರ ಒಂದು ಹಳೇ ಪಿಕಪ್ ಇತ್ತು. ಬೀದಿಯಲ್ಲಿ ಗಾಯಗೊಂಡ ನಾಯಿಗಳನ್ನು ಹಿಂದೆ ಮಲಗಿಸಿಕೊಂಡು, ಕೆ.ಆರ್. ಪುರದ ಆಚೆ ನಾಯಿಗಳನ್ನು ನೋಡಿಕೊಳ್ಳುವ ಜಾಗಕ್ಕೆ ಅವರೇ ಓಡಿಸಿಕೊಂಡು ಹೋಗುತ್ತಿದ್ದರು. ಅವರಿಗೆ ಸೊಂಟದ ನೋವು. ಬಿಸಿ ತಾಗದಿದ್ದರೆ ಅರ್ಧ ದಾರಿಗೆ ಕಾಲು ಮರಗಟ್ಟುತ್ತಿತ್ತು. ಅದಕ್ಕೆಂದೇ ಶಿವಾಜಿನಗರದ ಗುಜರಿಯಿಂದ ಯಾವುದೋ ಫಾರಿನ್ ಕಾರಿನ ಬಿಸಿಯಾಗುವ ಸೀಟು ತಂದು ಹಾಕಿಸಿದ್ದರು. ಬೆಂಗಳೂರಲ್ಲಿ ಸೀಟಿಗೆ ಹೀಟರ್ರೇ ಅಂತ ಮೊದಲು ನಾನೂ ನಕ್ಕಿದ್ದೆ. ಅವರು ಗಾಡಿಯಿಂದ ಇಳಿಯುವುದನ್ನು ನೋಡಿದ ಮೇಲೆ ನಗಲಿಲ್ಲ.

ಆ ಸೀಟಿಗೆ ನಾನು ಹೊಸ ಕವರ್ ಹೊಲಿದೆ. ಸ್ವಲ್ಪ ದಿನಕ್ಕೆ ಬಿಸಿ ಬರುವುದು, ಹೋಗುವುದು ಶುರುವಾಯಿತು.

"ನೀವು ಹೊಲಿದ ಮೇಲೇ ಹೀಗಾಗಿದ್ದು ನಾರಾಯಣ್. ಸೂಜಿ ಎಲ್ಲೋ ಚುಚ್ಚಿದೆ" ಎಂದರು ಮೇಡಂ. ಬೈಯಲಿಲ್ಲ. ಸರಿಯಾಗದಿದ್ದರೆ ಗಾಡಿ ಮಾರಿಬಿಡುತ್ತೇನೆ, ನಾಯಿಗಳಿಗೆ ಬೇರೆ ಯಾರಾದರೂ ಸಿಗುತ್ತಾರೆ ಎಂದರು. ಬೈದಿದ್ದರೆ ವಾಸಿಯಿತ್ತು.

ಕವರ್ ಬಿಚ್ಚಿ ಒಳಗಿನ ಬಿಸಿ ತಂತಿಯನ್ನು ಬೆರಳಲ್ಲಿ ತಡವಿ ನೋಡಿದೆ. ಎಲ್ಲೂ ತೂತಿಲ್ಲ, ಕಡಿತವಿಲ್ಲ. ಮತ್ತೆ ಹೊಲಿದು ಗಾಡಿಯನ್ನು ಮಣಿಯಣ್ಣನ ಹತ್ತಿರ ತಂದೆ. ಅವರು ಡ್ರೈವರ್ ಸೀಟಿನಲ್ಲಿ ಕೂತು ಸ್ವಿಚ್ ಒತ್ತಿದರು. ಬಿಸಿ ಬಂತು. ಮೇಡಂ ತೆಗೆದುಕೊಂಡು ಹೋದರು. ದಾರಿಯಲ್ಲಿ ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ ಜಾಮಿನಲ್ಲಿ ನಿಂತಾಗ ತಣ್ಣಗಾಯಿತಂತೆ. ವಾಪಸ್ ಬಂತು, ಮಣಿಯಣ್ಣ ಕೂತರು, ಮತ್ತೆ ಬಿಸಿ. ಫ್ಯೂಸ್ ಬದಲಾಯಿಸಿದರು, ಸ್ವಿಚ್ ಬದಲಾಯಿಸಿದರು. ಅವರು ಕೂತಾಗ ಒಮ್ಮೆಯೂ ಕೆಡಲಿಲ್ಲ. ನನಗೆ ಊಟ ಸೇರುತ್ತಿರಲಿಲ್ಲ. ಬೇರೆಯವರ ಸೀಟು ಹೊಲಿಯುವಾಗಲೂ ಸೂಜಿ ಎಲ್ಲಿ ಇಳಿಯುತ್ತಿದೆ ಅಂತ ಬಗ್ಗಿ ಬಗ್ಗಿ ನೋಡುವ ಹಾಗಾಗಿತ್ತು.

ಒಂದು ಮಧ್ಯಾಹ್ನ ಮಣಿಯಣ್ಣ ಸೀಟಿಗೆ ಹೋಗುವ ಲೈನಿಗೆ ಒಂದು ಚಿಕ್ಕ ಬಲ್ಬು ಸಿಕ್ಕಿಸಿ ಡ್ಯಾಶ್‌ಬೋರ್ಡಿನ ಮೇಲಿಟ್ಟರು. ಸೀಟಿಗೆ ಕರೆಂಟ್ ಹರಿದರೆ ಅದು ಉರಿಯಬೇಕು, ನಿಂತರೆ ಆರಬೇಕು. ಪಕ್ಕದ ಸೀಟಿನಲ್ಲಿ ನಾನು. ಮೇಡಂ ಹೊರಗೆ ಗೋಡೆಗೆ ಒರಗಿ ನಿಂತಿದ್ದರು. ಬಲ್ಬು ಉರಿಯುತ್ತಲೇ ಇತ್ತು. ಮಣಿಯಣ್ಣನ ಕಾಲು ಆಡುತ್ತಲೇ ಇತ್ತು. ಇಡೀ ಗಾಡಿ ಸಣ್ಣಗೆ ನಡುಗಿ ನನ್ನ ತಲೆ ಚಿಟ್ಟು ಹಿಡಿಯಿತು. ತಡೆಯಲಾರದೆ ಅವರ ಮಂಡಿಯನ್ನು ಗಟ್ಟಿಯಾಗಿ ಅದುಮಿ ಹಿಡಿದೆ.

"ಮಣಿಯಣ್ಣ, ಸ್ವಲ್ಪ ಸುಮ್ಮನಿರ್ರೀ."

ಕಾಲು ನಿಂತಿತು. ಬಲ್ಬು ಆರಿತು.

ಇಬ್ಬರೂ ಬಲ್ಬನ್ನೇ ನೋಡಿದೆವು. ಮೆಲ್ಲಗೆ ಕೈ ತೆಗೆದೆ. ಕಾಲು ಶುರುವಾಯಿತು, ಬಲ್ಬು ಉರಿಯಿತು. ಮಣಿಯಣ್ಣ ನನ್ನ ಕೈಯನ್ನು ತಾವೇ ಎಳೆದು ಮತ್ತೆ ಮಂಡಿಯ ಮೇಲಿಟ್ಟುಕೊಂಡರು. ಆರಿತು.

"ಐಯ್ಯೋ ಮುರುಗಾ. ನೆಂಟನ್ನ ನಾನೇ ತೊಡೆ ಮೇಲೆ ಕೂರಿಸ್ಕೊಂಡು ಊರೆಲ್ಲಾ ಹುಡುಕ್ತಿದ್ನಲ್ಲಪ್ಪಾ" ಎಂದರು.

ಗುಂಡಿ ಬಿದ್ದ ರಸ್ತೆಯಲ್ಲಿ ಗಾಡಿ ಅಲ್ಲಾಡಿದರೆ ಬಿಸಿ, ಜಾಮಿನಲ್ಲಿ ನಿಂತರೆ ತಣ್ಣಗೆ. ಎಲ್ಲೋ ಒಂದು ಕಡೆ ಸಡಿಲ ಇದೆ ಎಂದು ಗೊತ್ತಾಯಿತು. ಸೀಟಿನ ಕೆಳಗಿನ ಮ್ಯಾಟ್ ಎತ್ತಿದರು. ಕರೆಂಟ್ ವಾಪಸ್ ಹೋಗುವ ಅರ್ಥಿಂಗ್ ವೈರನ್ನು ಗಾಡಿಯ ತಗಡಿಗೆ ಕೂರಿಸಿದ ಬೋಲ್ಟು ಅಲ್ಲಿತ್ತು. ವೈರು ತಗಡಿಗೆ ತಾಗುವ ಹಾಗೆ ಕೆಳಗಿನ ಪೇಂಟ್ ಕೆರೆಯದೆ ಹಾಗೇ ಬಿಗಿದಿದ್ದರು. ಪೇಂಟ್ ಎದ್ದು, ತುಕ್ಕು ಹಿಡಿದು, ವೈರು ತೊಟ್ಟಿಲಿನ ಹಾಗೆ ತೂಗುತ್ತಿತ್ತು. ವೈರಿಗೆ ಸುತ್ತಿದ ಟೇಪಿನ ತುದಿಯನ್ನು ಒಂದಿಷ್ಟು ಒಳಕ್ಕೆ ಮಡಿಚಲಾಗಿತ್ತು.

ಆ ಮಡಿಕೆ ನನಗೆ ಗೊತ್ತು. ಮುಂದೆ ಯಾರಾದರೂ ಬಿಚ್ಚುವಾಗ ಉಗುರಿಗೆ ಸಿಗಲಿ ಅಂತ ಹಾಗೆ ಮಡಿಚುವವರು ಆ ಸಂದಿಯಲ್ಲಿ ಒಬ್ಬರೇ. ಗುಜರಿ ಸೀಟನ್ನು ಮೊದಲು ಕೂರಿಸಿದವನು ವೈರಿಂಗನ್ನು ಇವರ ಕೈಲೇ ಮಾಡಿಸಿದ್ದ ಅಂತ ಕಾಣುತ್ತದೆ. ದಿನಕ್ಕೆ ಎಷ್ಟೋ ಗಾಡಿ ನೋಡುವ ಮಣಿಯಣ್ಣ ಮರೆತಿದ್ದರು. ಟೇಪು ಕತ್ತರಿಸಿ ಬಿಸಾಡಿದ್ದರೆ ಮೇಡಂಗೆ ತಿಳಿಯುತ್ತಿರಲಿಲ್ಲ. ನಾನೂ ಬಾಯಿ ಬಿಡುತ್ತಿರಲಿಲ್ಲ, ದೋಷ ಸಿಕ್ಕಿತಲ್ಲ ಅಷ್ಟೇ ಸಾಕಿತ್ತು. ಮಣಿಯಣ್ಣ ಮಂಡಿಯೂರಿದಲ್ಲಿಂದಲೇ ಮೇಡಂ ಅವರನ್ನು ಕರೆದು ಮಡಿಕೆ ತೋರಿಸಿದರು.

"ಇದು ನನ್ನ ಕೈ ಮೇಡಂ. ಅವಸರಕ್ಕೆ ಪೇಂಟ್ ಕೆರೆದಿಲ್ಲ. ತಪ್ಪನ್ನ ನಾರಾಯಣನ ಸೂಜಿ ಮೇಲೆ ಹಾಕಿದ್ರಲ್ಲ, ಅದನ್ನ ವಾಪಸ್ ತಗೊಳ್ಳಿ."

ಮಣಿಯಣ್ಣ ಪೇಂಟ್ ಕೆರೆದು ಬೋಲ್ಟನ್ನು ಹೊಸದಾಗಿ ಬಿಗಿದರು. ಮೇಡಂ ನನ್ನ ಕಡೆ ತಿರುಗಿ ಸಾರಿ ಎಂದರು. ನಾನು ಸೀಟಿನ ಹೊಲಿಗೆ ಸವರುತ್ತಾ ನಿಂತೆ. ಕಣ್ಣೆತ್ತಿದ್ದರೆ ಅತ್ತುಬಿಡುತ್ತಿದ್ದೆ.

ಆಮೇಲೆ ಮಣಿಯಣ್ಣನಿಗೆ ಲಕ್ವ ಹೊಡೆಯಿತು. ಬಲಗಡೆ ಬಿದ್ದುಹೋಯಿತು. ನೋಡಲು ಹೋದಾಗ ಕುರ್ಚಿಯಲ್ಲಿ ಕೂರಿಸಿದ್ದರು. ಆ ಕಾಲು ಮರದ ತುಂಡಿನಂತೆ ನೆಲದ ಮೇಲಿತ್ತು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅವರೇ ಎಡಗೈಯಲ್ಲಿ ಅದನ್ನು ತಟ್ಟಿ, ತೊದಲುತ್ತಾ, "ಇವನು ಬಾಡಿಗೆಗೆ ಬಂದ್ಬಿಟ್ಟ ಕಣಪ್ಪಾ" ಎಂದರು. ಎಡಗಾಲು ಮಾತ್ರ ಸಣ್ಣಗೆ ಆಡುತ್ತಿತ್ತು. ಅದನ್ನು ನೋಡುತ್ತಾ ಕೂತು ಎದ್ದು ಬಂದೆ. ಅದೇ ಕೊನೆ. ಹಾರ ಹಾಕಲು ಮನೆಯವರಿಗೆ ಬೇರೆ ಫೋಟೋ ಸಿಗಲಿಲ್ಲ, ಮದುವೆಯ ಆ ಮಸುಕಾದದ್ದನ್ನೇ ದೊಡ್ಡದು ಮಾಡಿಸಿದ್ದರು.

ಮೊನ್ನೆ ಮೇಡಂ ಪಿಕಪ್ಪನ್ನು ಅಂಗಡಿಗೆ ತಂದಿದ್ದರು. ನಾಯಿಯೊಂದು ಪಕ್ಕದ ಸೀಟನ್ನು ಕಚ್ಚಿ ಹರಿದಿತ್ತು. ಅದರ ಅಳತೆ ತೆಗೆದ ಮೇಲೆ, ಬೇಕಿರಲಿಲ್ಲ, ಆದರೂ ಡ್ರೈವರ್ ಸೀಟಿನಲ್ಲಿ ಕೂತು ಸ್ವಿಚ್ ಒತ್ತಿದೆ. ಬೆನ್ನಿಗೆ ಬಿಸಿ ಹತ್ತಿತು. ಕಾಲು ಅಲ್ಲಾಡಿಸದೆ, ಉಸಿರು ಬಿಗಿಹಿಡಿದು ಕಾದೆ. ಒಂದು ಸಲ ಆರಿದ್ದರೆ ಸಾಕಿತ್ತು, ಹಲಸೂರಿಗೆ ಹೋಗಲು ಒಂದು ನೆಪ ಸಿಗುತ್ತಿತ್ತು.

ಬಿಸಿ ಆರಲೇ ಇಲ್ಲ.